ರೀಫ್ ಟ್ಯಾಂಕಿನ ನೈಟ್ರೇಟ್: ನೀರು ಬದಲಾವಣೆ, ಬಯೋಪೆಲೆಟ್, ವಿನೆಗರ್ ನೋಡಿದ ಮೇಲೆ ನನ್ನ ಮತ ಪಾಚಿಗೆ

ಮೊದಲೇ ಹೇಳಿಬಿಡುತ್ತೇನೆ. ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಇಡುವ ಉಪ್ಪುನೀರಿನ ಮೀನಿನ ತೊಟ್ಟಿಯಲ್ಲಿ, ನೈಟ್ರೇಟ್ ಏರಿದೆ, ಏನು ಮಾಡಲಿ ಅಂತ ಯಾರೇ ಕೇಳಿದರೂ ನನ್ನ ಉತ್ತರ ಒಂದೇ: ಸಂಪಿನಲ್ಲಿ (ಟ್ಯಾಂಕಿನ ಕೆಳಗಿಡುವ ಫಿಲ್ಟರ್ ತೊಟ್ಟಿಯಲ್ಲಿ) ಸ್ವಲ್ಪ ಜಾಗ ಮಾಡಿ, ಒಂದು ಗ್ರೋ ಲೈಟ್ ಹಾಕಿ, ಕೀಟೋ ಪಾಚಿ ಬೆಳೆಸಿ. ನೀರು ಬದಲಾವಣೆ, ಬಯೋಪೆಲೆಟ್, ವಿನೆಗರ್ ಡೋಸಿಂಗ್ ಮೂರನ್ನೂ ಇದೇ ಟ್ಯಾಂಕಿನಲ್ಲಿ ನೋಡಿ ಹೇಳುತ್ತಿದ್ದೇನೆ. ಅವು ಕೆಲಸ ಮಾಡುವುದಿಲ್ಲ ಅಂತಲ್ಲ. ಮಾಡುತ್ತವೆ, ವಿನೆಗರ್ ಅಂತೂ ಪಾಚಿಗಿಂತ ಬೇಗ ಇಳಿಸುತ್ತದೆ. ಆದರೆ ನಾಲ್ಕು ಗಂಟೆ ಕರೆಂಟ್ ಹೋದರೆ ಇದು ನನ್ನ ಮೀನುಗಳಿಗೆ ಏನು ಮಾಡುತ್ತದೆ ಅಂತ ಕೇಳಿಕೊಂಡರೆ ಲೆಕ್ಕವೇ ಬೇರೆಯಾಗುತ್ತದೆ.

ನನ್ನದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ಟ್ಯಾಂಕ್. ಸ್ಟ್ಯಾಂಡ್ ಒಳಗಿನ ಸಂಪ್ ಸೇರಿ ಸುಮಾರು 200 ಲೀಟರ್ ನೀರು. ಮೀನುಗಳಲ್ಲಿ ಒಂದು ಜೋಡಿ ಕ್ಲೌನ್, ಒಂದು ರಾಯಲ್ ಗ್ರಾಮಾ, ಬಂಗಾಯ್ ಕಾರ್ಡಿನಲ್ ಜೋಡಿ, ಒಂದು ಬ್ಲೆನ್ನಿ. ಹವಳಗಳಲ್ಲಿ ಜೋಆಂಥಿಡ್, ಮಶ್ರೂಮ್, ಲೆದರ್, ಹ್ಯಾಮರ್. ತೀರಾ ಶುದ್ಧ ನೀರು ಕೇಳುವ ಆಕ್ರೊಪೊರಾ ಹವಳ ಇಲ್ಲ, ಇಡುವ ಆಸೆಯೂ ಇಲ್ಲ. ಕಲ್ಲು ಪೂರ್ತಿ ಒಣ ಕಲ್ಲು, ಸಮುದ್ರದಿಂದ ಜೀವಿಗಳ ಸಮೇತ ತೆಗೆದದ್ದಲ್ಲ. ನಮ್ಮ ಕಡಲಿನ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಪರಿಶಿಷ್ಟದಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಡೈವ್ ಮಾಡಿ ಕಣ್ತುಂಬ ನೋಡಬಹುದು, ಒಂದು ತುಂಡನ್ನೂ ಎತ್ತಿಕೊಂಡು ಬರುವಂತಿಲ್ಲ. ಹಾಗೇ ಇರಬೇಕು. ಆದರೆ ಒಣ ಕಲ್ಲಿಗೆ ಒಂದು ತೊಡಕಿದೆ. ನೈಟ್ರೇಟನ್ನು ಸಾರಜನಕ ಅನಿಲವಾಗಿ ಬಿಡುವ ಬ್ಯಾಕ್ಟೀರಿಯಾಗಳು ಆಮ್ಲಜನಕ ತಲುಪದ ಒಳ ಸಂದುಗಳಲ್ಲಿ ನೆಲೆ ನಿಲ್ಲಬೇಕು. ಹೊಸ ಒಣ ಕಲ್ಲಿನಲ್ಲಿ ಅದಕ್ಕೆ ತುಂಬಾ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಅಮೋನಿಯಾ ನೈಟ್ರೈಟ್ ಆಗುತ್ತದೆ, ನೈಟ್ರೈಟ್ ನೈಟ್ರೇಟ್ ಆಗುತ್ತದೆ, ಅಲ್ಲಿಗೆ ನಿಂತು ಏರುತ್ತಾ ಹೋಗುತ್ತದೆ. ಅದರ ಮೇಲೆ ನಾನು ಮೀನಿಗೆ ದಿನಕ್ಕೆರಡು ಸಲ ಹೊಟ್ಟೆ ತುಂಬ ಹಾಕುತ್ತೇನೆ. ಅದನ್ನು ಕಡಿಮೆ ಮಾಡುವ ಮನಸ್ಸಿಲ್ಲ. ಹೀಗಾಗಿ ನೈಟ್ರೇಟ್ 80 ಪಿಪಿಎಂ (ಹೆಚ್ಚುಕಡಿಮೆ ಲೀಟರಿಗೆ ಅಷ್ಟು ಮಿಲಿಗ್ರಾಂ) ಮುಟ್ಟಿತು.

ಹವಳ ದಿಬ್ಬದ ಸಮುದ್ರದ ನೀರಿನಲ್ಲಿ ನೈಟ್ರೇಟ್ 1 ಪಿಪಿಎಂ ಕೂಡ ಇರುವುದಿಲ್ಲ. ಮನೆಯ ಟ್ಯಾಂಕಿಗೆ ಅಷ್ಟು ಬೇಕಾಗಿಲ್ಲ. ನನ್ನಂಥ ಟ್ಯಾಂಕಿಗೆ 5ರಿಂದ 15ರೊಳಗೆ ಇದ್ದರೆ ಸಾಕು. ಒಂದು ಮಾತು: 80 ಅಂದೆನಲ್ಲ, ಅದನ್ನು ಅಳೆಯುವುದೇ ಕಷ್ಟ. ಬಣ್ಣ ನೋಡುವ ಕಿಟ್‌ನಲ್ಲಿ 50ಕ್ಕೂ 100ಕ್ಕೂ ಎರಡೂ ಗಾಢ ಗುಲಾಬಿ, ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ಪಾಲು ಟ್ಯಾಂಕ್ ನೀರಿಗೆ ನಾಲ್ಕು ಪಾಲು ಆರ್‌ಒ ಡಿಐ ನೀರು (ಕರಗಿದ ಲವಣಗಳನ್ನೆಲ್ಲ ತೆಗೆದ ಶುದ್ಧ ನೀರು) ಬೆರೆಸಿ ಪರೀಕ್ಷಿಸಿ, ಬಂದದ್ದನ್ನು 5ರಿಂದ ಗುಣಿಸಿ. ನಾನು ಸ್ಯಾಲಿಫರ್ಟ್ ಕಿಟ್ ಬಳಸುತ್ತೇನೆ, ನಂಬಿಕೆ ಇದೆ. ಹೊಸ ಟ್ಯಾಂಕಿನಲ್ಲಿ ನೈಟ್ರೈಟ್ ಇನ್ನೂ ಉಳಿದಿದ್ದರೆ ಮಾತ್ರ ಈ ಕಿಟ್‌ಗಳು ನೈಟ್ರೇಟನ್ನು ಜಾಸ್ತಿ ತೋರಿಸುತ್ತವೆ. ಅವು ನೈಟ್ರೇಟನ್ನು ನೈಟ್ರೈಟ್ ಮಾಡಿಕೊಂಡೇ ಅಳೆಯುವುದು.

ನೀರು ಬದಲಾವಣೆ ಎಲ್ಲರಿಗೂ ಗೊತ್ತಿರುವ ದಾರಿ. ಲೆಕ್ಕ ಹಾಕಿ ನೋಡಿ. ಪ್ರತಿ ಸಲ ಕಾಲು ಭಾಗ, ಅಂದರೆ 50 ಲೀಟರ್ ಬದಲಿಸಿದರೆ 80 ಇದ್ದದ್ದು 60, ಆಮೇಲೆ 45, 34, 25, 19, 14, 11, ಎಂಟನೇ ಸಲಕ್ಕೆ 8. ಅಷ್ಟರಲ್ಲಿ 400 ಲೀಟರ್ ನೀರು, ಕಡಿಮೆ ಎಂದರೂ 14 ಕೆಜಿ ರೀಫ್ ಉಪ್ಪು. ಅದೂ ಮೀನುಗಳು ಅಷ್ಟೂ ದಿನ ಉಪವಾಸ ಇದ್ದರೆ! ತಿನ್ನುತ್ತಿದ್ದರೆ ಮಧ್ಯೆ ಮಧ್ಯೆ ಏರುತ್ತಲೇ ಇರುತ್ತದೆ. ಇಲ್ಲಿ ಉಪ್ಪಿನ ಬೆಲೆ ಗೊತ್ತಲ್ವಾ? ತುರ್ತಿಗೆ ದೊಡ್ಡ ಬದಲಾವಣೆ ಮಾಡಿ, ನಾನೂ ಮಾಡಿದೆ, 80ರಿಂದ 40ರ ಹತ್ತಿರ ಬಂತು. ತಿಂಗಳು ತಿಂಗಳು ಇದನ್ನೇ ನಂಬಿಕೊಂಡು ಕೂರುವುದು ನನ್ನ ಜೇಬಿಗೆ ಆಗುವುದಿಲ್ಲ.

ಇದರ ಜೊತೆಗೇ ಅಡುಗೆಮನೆಯ ಆರ್‌ಒ ವಿಷಯ ಹೇಳಲೇಬೇಕು. ಮನೆಯ ಪ್ಯೂರಿಫೈಯರ್‌ಗಳಲ್ಲಿ ಬಹಳಷ್ಟಕ್ಕೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಕಂಟ್ರೋಲರ್ ಇರುತ್ತದೆ. ಕುಡಿಯಲು ರುಚಿಯಾಗಲಿ ಅಂತ ಅದು ಆರ್‌ಒ ದಾಟಿದ ನೀರಿಗೆ ದಾಟದ ನೀರನ್ನು ಸ್ವಲ್ಪ ಬೆರೆಸುತ್ತದೆ. ಕುಡಿಯುವವರಿಗೆ ಅದು ಸರಿ. ಆದರೆ ನಿಮ್ಮದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾಗಿದ್ದರೆ ಅದರ ಜೊತೆ ನೈಟ್ರೇಟೂ ಬರುತ್ತದೆ. ಕುಡಿಯುವ ನೀರಿಗೆ ನಮ್ಮ ಐಎಸ್ 10500 ಮಾನದಂಡ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಒಪ್ಪುತ್ತದೆ. ಕುಡಿಯಲು ಪಾಸಾದ ನೀರು ರೀಫ್‌ಗೆ ಪಾಸಲ್ಲ. ಸಾಫ್ಟ್‌ನರ್ ಇದ್ದರೂ ನೈಟ್ರೇಟ್ ಹೋಗುವುದಿಲ್ಲ. ಆರ್‌ಒ ನಂತರ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಇಟ್ಟು, ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರಿನಲ್ಲೇ ಉಪ್ಪು ಕಲಸಿ. ಇದು ಸರಿಯಾಗದೆ ಮುಂದಿನ ಯಾವ ದಾರಿಯೂ ಲಾಭವಿಲ್ಲ.

ಸಿಹಿನೀರಿನ ಟ್ಯಾಂಕಿಗೆ ಮಾರುವ ನೈಟ್ರೇಟ್ ರೆಸಿನ್ ಕೊಳ್ಳಬೇಡಿ. ಅದನ್ನು ತೊಳೆದು ಮತ್ತೆ ಬಳಸುವುದೇ ಉಪ್ಪುನೀರಿನಲ್ಲಿ, ಇನ್ನು ಉಪ್ಪುನೀರಿನ ಟ್ಯಾಂಕಿನಲ್ಲಿ ಅದು ಏನು ಹಿಡಿದೀತು? ಜಿಎಫ್‌ಒ (ಕಬ್ಬಿಣದ ಆಕ್ಸೈಡ್ ಹರಳು) ಫಾಸ್ಫೇಟ್ ಹೀರುವುದಕ್ಕೆ ಮಾತ್ರ. ಗಂಧಕದ ಮಣಿಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾದಿಂದ ನೈಟ್ರೇಟ್ ತೆಗೆಯುವ ಡಿನೈಟ್ರೇಟರ್ ದೊಡ್ಡ ಟ್ಯಾಂಕುಗಳಿಗೆ ಬಲವಾದ ಸಾಧನ, ಆದರೆ ಅದು ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ಗುಣ) ತಿನ್ನುತ್ತದೆ. 200 ಲೀಟರಿಗೆ ಅಷ್ಟು ದೊಡ್ಡ ಏರ್ಪಾಡು ಬೇಡ.

ಬಯೋಪೆಲೆಟ್ ರಿಯಾಕ್ಟರ್ ಒಬ್ಬ ಗೆಳೆಯರಿಂದ ತಂದು ಓಡಿಸಿದ್ದೆ. ಬ್ಯಾಕ್ಟೀರಿಯಾ ತಿನ್ನುವಂಥ ಪ್ಲಾಸ್ಟಿಕ್ ಮಣಿಗಳು ನೀರಿನಲ್ಲಿ ಸದಾ ತಿರುಗುತ್ತಿರಬೇಕು. ತಿರುಗುವುದು ನಿಂತರೆ ಮಣಿಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ, ಒಳಗೆ ಆಮ್ಲಜನಕ ಮುಗಿದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕರೆಂಟ್ ಬಂದ ಕೂಡಲೇ ಪಂಪ್ ಅದನ್ನು ಟ್ಯಾಂಕಿಗೆ ತಳ್ಳುತ್ತದೆ. ಡೋಸ್ ಹೆಚ್ಚುಕಡಿಮೆ ಮಾಡುವುದೂ ಸುಲಭವಲ್ಲ. ವಾಪಸ್ ಕೊಟ್ಟೆ.

ವಿನೆಗರ್ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ಚೆನ್ನಾಗಿ ಕೆಲಸ ಮಾಡಿತು. ಬ್ಯಾಕ್ಟೀರಿಯಾಗಳಿಗೆ ಇಂಗಾಲ ಕೊಟ್ಟರೆ ಅವು ಬೆಳೆಯಲು ನೀರಿನ ನೈಟ್ರೇಟ್, ಫಾಸ್ಫೇಟ್ ಎಳೆದುಕೊಳ್ಳುತ್ತವೆ. ಬೆಳೆದ ಬ್ಯಾಕ್ಟೀರಿಯಾವನ್ನು ಸ್ಕಿಮ್ಮರ್, ಅಂದರೆ ಗುಳ್ಳೆ ಎಬ್ಬಿಸಿ ಕೊಳೆ ಎತ್ತುವ ಸಾಧನ, ನೊರೆಯಲ್ಲಿ ಹೊರಗೆ ಹಾಕುತ್ತದೆ. ವೋಡ್ಕಾ ಹಾಕುವವರೂ ಇದ್ದಾರೆ, ಒಂದು ಮಿಲಿ ವೋಡ್ಕಾ ಸುಮಾರು ಎಂಟು ಮಿಲಿ ವಿನೆಗರ್‌ಗೆ ಸಮ ಅಂತ ಲೆಕ್ಕ ಇಟ್ಟುಕೊಳ್ಳುತ್ತಾರೆ. ನಾನು ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಆರಿಸಿದೆ. ಬಣ್ಣವಿಲ್ಲ, ಸಕ್ಕರೆಯಿಲ್ಲ, ಅಗ್ಗ. ಬಾಟಲಿಯ ಹಿಂದೆ ಅಸಿಟಿಕ್ ಆಮ್ಲ ಎಷ್ಟು ಶೇಕಡಾ ಅಂತ ನೋಡಿ, ಬ್ರ್ಯಾಂಡ್ ಬದಲಾದರೆ ಡೋಸ್ ಬದಲಾಗುತ್ತದೆ. ಕೆಲವೇ ಮಿಲಿಯಿಂದ ಶುರು ಮಾಡಿ ವಾರಕ್ಕೊಮ್ಮೆ ಸ್ವಲ್ಪ ಏರಿಸಿದೆ. ಸ್ಕಿಮ್ಮರ್ ಕಪ್ಪಿನಲ್ಲಿ ದಪ್ಪ ಕೊಳೆ ಬರತೊಡಗಿತು. ನೈಟ್ರೇಟ್ 40ರಿಂದ ಕಣ್ಣಿಗೆ ಕಾಣುವಂತೆ ಇಳಿಯಿತು. ಇಲ್ಲಿಯವರೆಗೆ ಎಲ್ಲ ಸರಿ.

ತೊಂದರೆ ಬಂದದ್ದು ಡೋಸಿಂಗ್ ಪಂಪಿನಿಂದ. ದಿನಾ ಬೆಳಿಗ್ಗೆ ನೆನಪಿಟ್ಟು ಹಾಕುವುದಕ್ಕಿಂತ ಯಂತ್ರವೇ ಹಾಕಲಿ ಅಂತ ಕಡಿಮೆ ಬೆಲೆಯ ಪಂಪ್ ಕೊಂಡೆ. ಬೆಳಿಗ್ಗೆ ಹತ್ತಕ್ಕೆ ಡೋಸ್ ಅಂತ ಇಟ್ಟೆ. ಅದರ ಒಳಗೆ ಗಡಿಯಾರಕ್ಕೆ ಬ್ಯಾಟರಿ ಇರಲಿಲ್ಲ. ಕರೆಂಟ್ ಹೋಗಿ ಬಂದರೆ ಗಡಿಯಾರ ಸೊನ್ನೆಯಿಂದ ಶುರು. ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟ್ ಬಂತು ಅಂದುಕೊಳ್ಳಿ. ಆ ಪಂಪಿನ ಪಾಲಿಗೆ ಆಗ ನಡುರಾತ್ರಿ. ಹತ್ತು ಗಂಟೆ ಕಳೆದು, ಅಂದರೆ ನಮ್ಮ ರಾತ್ರಿ ಹತ್ತಕ್ಕೆ ಮತ್ತೆ ಡೋಸ್ ಹಾಕುತ್ತದೆ. ಬೆಳಿಗ್ಗೆಯದೂ ಸೇರಿ ಒಂದೇ ದಿನಕ್ಕೆ ಎರಡು ಡೋಸ್. ಸಂಜೆ ಐದಕ್ಕೆ ಬಂದರೆ ಎರಡನೇ ಡೋಸ್ ಬೆಳಗಿನ ಜಾವ ಮೂರಕ್ಕೆ.

ಬೆಳಗಿನ ಜಾವ ಮೂರು ಯಾಕೆ ಕೆಟ್ಟ ಹೊತ್ತು? 26 ಡಿಗ್ರಿಯ ಉಪ್ಪುನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಲೀಟರಿಗೆ 7 ಮಿಲಿಗ್ರಾಂಗಿಂತ ಕಡಿಮೆ. ರಾತ್ರಿ ಲೈಟ್ ಇಲ್ಲದೆ ಹವಳ, ಪಾಚಿ, ಮೀನು ಎಲ್ಲವೂ ಅದನ್ನು ಬಳಸುತ್ತಿರುತ್ತವೆ, ಮಾಡಿಕೊಡುವವರು ಯಾರೂ ಇಲ್ಲ. ಆ ಹೊತ್ತಿಗೆ ಬ್ಯಾಕ್ಟೀರಿಯಾಗಳಿಗೆ ವಿನೆಗರ್ ಕೊಟ್ಟರೆ ಉಳಿದದ್ದನ್ನೂ ಅವೇ ಎಳೆದುಕೊಳ್ಳುತ್ತವೆ. ವಿನೆಗರ್ ಆಮ್ಲವಾದ್ದರಿಂದ, ಮೊದಲೇ ರಾತ್ರಿ ಇಳಿದಿರುವ ಪಿಎಚ್ ಇನ್ನೂ ಇಳಿಯುತ್ತದೆ.

ಏಪ್ರಿಲ್, ಮೇ ಮಳೆ ನಿಮಗೂ ಗೊತ್ತು. ಗಾಳಿ ಬಂತು, ಕೊಂಬೆ ಬಿತ್ತು, ಕರೆಂಟ್ ಹೋಯಿತು. ಅಂಥ ಒಂದು ವಾರದಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ನೀರು ಹಾಲು ಬೆರೆಸಿದ ಹಾಗೆ ಮಬ್ಬು. ಕ್ಲೌನ್ ಜೋಡಿ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಹ್ಯಾಮರ್ ಹವಳ ಪೂರ್ತಿ ಒಳಗೆ ಎಳೆದುಕೊಂಡಿತ್ತು. ಸ್ಕಿಮ್ಮರ್ ಏನು ಮಾಡುತ್ತಿತ್ತು ಅಂದರೆ, ಅದರದ್ದೇ ಬೇರೆ ಕಥೆ. ಕರೆಂಟ್ ಹೋದಾಗ ಮೇಲಿನ ಟ್ಯಾಂಕಿನ ನೀರು ಸಂಪಿಗೆ ಇಳಿದು ಮಟ್ಟ ಏರುತ್ತದೆ. ಕರೆಂಟ್ ಬಂದ ಕ್ಷಣ ಆ ಎತ್ತರದ ನೀರಿನಲ್ಲೇ ಸ್ಕಿಮ್ಮರ್ ಶುರುವಾಗಿ ಉಕ್ಕುತ್ತದೆ. ಕಪ್ಪಿನಲ್ಲಿ ಕೂಡಿಟ್ಟ ಕೊಳೆಯೆಲ್ಲ ತಿರುಗಿ ನೀರಿಗೆ. ಬ್ಯಾಟರಿ ಏರ್ ಪಂಪ್ ಇದ್ದದ್ದರಿಂದ ಮೀನು ಉಳಿದವು, ಆದರೆ ಆ ಬೆಳಿಗ್ಗೆ ನನಗಾದ ಗಾಬರಿ ಇನ್ನೂ ಮರೆತಿಲ್ಲ.

ಇದಕ್ಕೆಲ್ಲ ಪರಿಹಾರ ಇದೆ. ಗಡಿಯಾರ ಉಳಿಸಿಕೊಳ್ಳುವ ಒಳ್ಳೆಯ ಡೋಸಿಂಗ್ ಪಂಪ್, ಸ್ಕಿಮ್ಮರ್ ಹತ್ತು ನಿಮಿಷ ತಡವಾಗಿ ಶುರುವಾಗುವಂತೆ ಸ್ಮಾರ್ಟ್ ಪ್ಲಗ್, ಪಂಪುಗಳಿಗೆಲ್ಲ ಇನ್ವರ್ಟರ್. ಪೂರ್ತಿ ಪವರ್ ಬ್ಯಾಕಪ್ ಇರುವ ಅಪಾರ್ಟ್‌ಮೆಂಟ್ ನಿಮ್ಮದಾಗಿದ್ದರೆ ಅರ್ಧ ಚಿಂತೆ ಇಲ್ಲ. ನಮ್ಮದರಲ್ಲಿ ಜನರೇಟರ್ ಲಿಫ್ಟಿಗೂ ಕಾರಿಡಾರಿಗೂ ಮಾತ್ರ. ಒಂದು ಬಾಟಲಿ ಅಗ್ಗದ ವಿನೆಗರ್ ಸುರಕ್ಷಿತವಾಗಿರಲು ಇಷ್ಟೆಲ್ಲ ಕೊಳ್ಳಬೇಕು ಅಂದಾಗ ಅದು ಅಗ್ಗವಾಗಿ ಉಳಿಯಲಿಲ್ಲ.

ಈಗ ಕೀಟೋ. ಪೂರ್ತಿ ಹೆಸರು ಕೀಟೋಮಾರ್ಫಾ. ಹಸಿರು ದಾರದ ಉಂಡೆಯಂಥ ಪಾಚಿ. ಸಂಪಿನ ಒಂದು ಭಾಗಕ್ಕೆ ಅಡ್ಡ ಬಲೆ ಹಾಕಿ ಅದರೊಳಗೆ ಬಿಟ್ಟೆ. ಬಲೆ ಮರೆಯಬೇಡಿ, ಇದರ ಎಳೆಗಳು ನೀರನ್ನು ಮೇಲಿನ ಟ್ಯಾಂಕಿಗೆ ತಳ್ಳುವ ರಿಟರ್ನ್ ಪಂಪಿಗೆ ಸುತ್ತಿಕೊಳ್ಳುತ್ತವೆ. ಮೇಲೆ ಗಿಡಗಳಿಗೆ ಬಳಸುವ ಕೆಂಪು ನೀಲಿ ಎಲ್‌ಇಡಿ. ಟ್ಯಾಂಕಿನ ಲೈಟ್ ಆರಿದ ಮೇಲೆ ಇದು ಉರಿಯುವಂತೆ ಟೈಮರ್. ಹಾಗಾಗಿ ರಾತ್ರಿಯಲ್ಲೂ ಆಮ್ಲಜನಕ ಮಾಡುವವರು ಒಬ್ಬರು ಇರುತ್ತಾರೆ, ಪಿಎಚ್ ಅಷ್ಟು ಇಳಿಯುವುದಿಲ್ಲ. ವಿನೆಗರ್ ಯಾವ ಹೊತ್ತಿನಲ್ಲಿ ಅಪಾಯವೋ ಆ ಹೊತ್ತಿನಲ್ಲೇ ಇದು ಸಹಾಯ. ಕರೆಂಟ್ ಹೋದರೆ? ಕೆಲವು ಗಂಟೆ ಬೆಳೆಯುವುದಿಲ್ಲ, ಅಷ್ಟೇ. ಟೈಮರ್ ಹೊತ್ತು ತಪ್ಪಿದರೂ ಯಾವ ಮೀನಿಗೂ ಏನೂ ಆಗುವುದಿಲ್ಲ.

ಮೊದಮೊದಲು ಏನೂ ನಡೆಯುತ್ತಿಲ್ಲ ಅನಿಸಿತು. ಆಮೇಲೆ ಉಂಡೆ ಊದಿಕೊಂಡಿತು. ಬಲೆ ತುಂಬಿದಾಗ ಮೂರನೇ ಒಂದು ಭಾಗ ಕಿತ್ತು ಗಿಡಗಳ ಕಾಂಪೋಸ್ಟಿಗೆ ಹಾಕುತ್ತೇನೆ, ಉಪ್ಪು ಹೋಗುವಂತೆ ಚೆನ್ನಾಗಿ ತೊಳೆದು. ಕಿತ್ತು ತೆಗೆದಾಗಲೇ ನೈಟ್ರೇಟ್ ನಿಜವಾಗಿ ಹೊರಗೆ ಹೋಗುವುದು. ಬೆಳೆಯಲು ಬಿಟ್ಟು ಸುಮ್ನೆ ಇದ್ದರೆ ಒಳಭಾಗಕ್ಕೆ ಬೆಳಕು ಸಿಗದೆ ಸತ್ತು, ಹೀರಿದ್ದನ್ನೆಲ್ಲ ವಾಪಸ್ ಬಿಡುತ್ತದೆ. ಕೆಲವು ತಿಂಗಳಲ್ಲಿ ನೈಟ್ರೇಟ್ 10ರ ಆಸುಪಾಸಿಗೆ ಬಂದು ನಿಂತಿತು. ಊಟ ಕಡಿಮೆ ಮಾಡಿಲ್ಲ. ಜೊತೆಗೆ ಪಾಚಿಯ ತುಂಬ ಕೋಪಿಪಾಡ್ ಎಂಬ ಪುಟ್ಟ ಜೀವಿಗಳು, ಗ್ರಾಮಾ ಅವಕ್ಕಾಗಿ ಕಾದು ಕೂರುತ್ತದೆ.

ಇದಕ್ಕೂ ಒಂದು ಸಮಸ್ಯೆ ಇದೆ. ನಡುವೆ ಒಮ್ಮೆ ನೈಟ್ರೇಟ್ 25ರಲ್ಲಿ ನಿಂತುಬಿಟ್ಟಿತು, ಪಾಚಿ ಬಿಳಿಚಿಕೊಂಡಿತು. ನೋಡಿದರೆ ಫಾಸ್ಫೇಟ್ ಸೊನ್ನೆ. ಕಡಲಿನ ಪಾಚಿಗಳಿಗೆ ಪರಮಾಣುಗಳ ಲೆಕ್ಕದಲ್ಲಿ ಸುಮಾರು 30 ಪಾಲು ಸಾರಜನಕಕ್ಕೆ 1 ಪಾಲು ರಂಜಕ ಬೇಕು. ಒಂದು ಮುಗಿದರೆ ಇನ್ನೊಂದು ಎಷ್ಟಿದ್ದರೂ ಬೆಳೆಯುವುದಿಲ್ಲ. ಜಿಎಫ್‌ಒ ತೆಗೆದೆ, ಫ್ರೋಜನ್ ಮೈಸಿಸ್ ಸಿಗಡಿ ಸ್ವಲ್ಪ ಜಾಸ್ತಿ ಹಾಕಿದೆ, ಮತ್ತೆ ಬೆಳೆಯಿತು. ಎರಡೂ ಸೊನ್ನೆಗೆ ಹೋಗಲು ಬಿಡಬೇಡಿ, ಆಮೇಲೆ ಡೈನೋಫ್ಲಾಜೆಲೇಟ್ ಎಂಬ ಲೋಳೆ ಕಟ್ಟುವ ಸೂಕ್ಷ್ಮಜೀವಿ ಬಂದರೆ ನೈಟ್ರೇಟ್ ಕಾಟವೇ ಎಷ್ಟೋ ವಾಸಿ ಅನಿಸುತ್ತದೆ.

ನಿಮ್ಮದು ಆಕ್ರೊಪೊರಾ ತುಂಬಿದ ಟ್ಯಾಂಕ್, ಒಳ್ಳೆಯ ಸ್ಕಿಮ್ಮರ್, ಪೂರ್ತಿ ಬ್ಯಾಕಪ್, ದಿನಾ ಟ್ಯಾಂಕಿನ ಮುಂದೆ ನಿಲ್ಲುವ ಅಭ್ಯಾಸ ಇದ್ದರೆ ವಿನೆಗರ್ ಆರಿಸಿ, ಬೆಳಗಿನ ಹೊತ್ತು ಕೈಯಿಂದಲೇ ಹಾಕಿ. ಸಂಪ್ ಇಲ್ಲದ ಪುಟ್ಟ ಟ್ಯಾಂಕಿಗೆ ನೀರು ಬದಲಾವಣೆಯೇ ಸಾಕು, 40 ಲೀಟರಿಗೆ ಉಪ್ಪು ಎಷ್ಟು ಹೋದೀತು? ನಾನು ಹಬ್ಬಕ್ಕೆ, ಮದುವೆಗೆ ಅಂತ ಆಗಾಗ ಊರಿಗೆ ಹೋಗುವ ಆಸಾಮಿ. ಪಕ್ಕದ ಮನೆಯವರು ಮೀನಿಗೆ ಊಟ ಹಾಕಿದರೆ ಸಾಕು, ಉಳಿದದ್ದನ್ನು ಪಾಚಿ ನೋಡಿಕೊಳ್ಳುತ್ತದೆ. ಲೈಟು, ಟೈಮರ್, ಬಲೆ ಎಲ್ಲ ಸೇರಿ ಆದ ಖರ್ಚು ಒಂದು ಉಪ್ಪಿನ ಬಕೆಟ್‌ಗಿಂತ ಕಡಿಮೆ.

ಪಾಚಿಯನ್ನು ದುಡ್ಡು ಕೊಟ್ಟು ಕೊಳ್ಳುವ ಮೊದಲು ರೀಫ್ ಇಟ್ಟಿರುವ ಪರಿಚಯದವರನ್ನು ಕೇಳಿ. ಬೆಳೆದದ್ದನ್ನು ಎಲ್ಲರೂ ಕಿತ್ತು ಎಸೆಯುವವರೇ, ಒಂದು ಹಿಡಿ ಖುಷಿಯಿಂದ ಕೊಡುತ್ತಾರೆ. ಕೌಲರ್ಪಾ ಎಂಬ ಇನ್ನೊಂದು ಪಾಚಿ ಕೊಟ್ಟರೆ ಬೇಡ ಅನ್ನಿ, ಅದು ಒಂದೇ ರಾತ್ರಿಯಲ್ಲಿ ಬಿಳಿಯಾಗಿ ಕರಗಿ ಹೀರಿದ್ದನ್ನೆಲ್ಲ ನೀರಿಗೆ ಬಿಟ್ಟುಬಿಡಬಹುದು. ಕೀಟೋ ತಂದ ಮೇಲೆ ಬಿಳಿ ಬೇಸಿನ್‌ನಲ್ಲಿ ಟ್ಯಾಂಕಿನದೇ ನೀರು ಹಾಕಿ ಬಿಡಿಸಿ ನೋಡಿ. ಟ್ಯಾಂಕಿಗೆ ಪೀಡೆಯಾಗುವ ಏಪ್ಟೇಸಿಯಾ (ಒಂದು ಜಾತಿಯ ಸಮುದ್ರ ಹೂ), ಬಬಲ್ ಪಾಚಿ, ಚಪ್ಪಟೆ ಹುಳು ಇವು ಮೂರೂ ಅದರೊಳಗೆ ಅಡಗಿ ಬರುತ್ತವೆ.