ಟೊಳ್ಳು ಬ್ರೇಡ್, ಬದಲಾಯಿಸುವ ಲೀಡರ್: ಬಾಸ್ ಮೀನಿಗೆ ಬಹಳ ಕಾಲ ಬಳಸಿದ ಮೇಲೆ

ಕೆಲವು ವರ್ಷಗಳಿಂದ, ಬಾಸ್ ಅನ್ನುವ ಸಿಹಿನೀರಿನ ಮೀನು ಹಿಡಿಯುವ ನನ್ನ ಬೈಟ್‌ಕಾಸ್ಟರ್ ರೀಲಿನಲ್ಲಿ (ಸ್ಪೂಲ್ ಅಡ್ಡಲಾಗಿ ಕೂತಿರುವ ರೀಲು) ಇರುವುದು 40 ಪೌಂಡಿನ ಟೊಳ್ಳು ಬ್ರೇಡ್, ಅಂದರೆ 40 ಪೌಂಡ್ ಎಳೆತ ತಡೆಯುವ, ಒಳಗೆ ಖಾಲಿ ಇರುವ ಹೆಣೆದ ದಾರ. ಅದರ ತುದಿಯಲ್ಲಿ ಒಂದು ಕುಣಿಕೆ. ಲೀಡರ್ ಅಂದರೆ ಮುಖ್ಯ ದಾರಕ್ಕೂ ಲೂರಿಗೂ (ಕೃತಕ ಎರೆಗೂ) ನಡುವೆ ಕಟ್ಟುವ ತುಂಡು ದಾರ. ನನ್ನ ಹತ್ತಿರ ಇರುವ ಪ್ರತಿ ಲೀಡರಿಗೂ ಒಂದೊಂದು ಕುಣಿಕೆ. ಕುಣಿಕೆಗೆ ಕುಣಿಕೆ ಕೋದು ಎಳೆದರೆ ಆಯಿತು, ದಾರ ರೆಡಿ. ಬಾಸ್ ಹಿಡಿಯುವವರಲ್ಲಿ ಈ ಪದ್ಧತಿ ಕಡಿಮೆ. ಇದು ಹೆಚ್ಚಾಗಿ ಕಾಣುವುದು ಸಮುದ್ರದಲ್ಲಿ ಟ್ಯೂನಾದಂಥ ದೊಡ್ಡ ಮೀನಿನ ಹಿಂದೆ ಹೋಗುವವರ ರೀಲಿನಲ್ಲಿ. ಅಷ್ಟು ಗಟ್ಟಿ ದಾರ ಸಿಹಿನೀರಿನ ಮೀನಿಗೆ ಯಾಕೆ ಅಂತ ಕೇಳುವವರು ಜಾಸ್ತಿ. ಗಟ್ಟಿತನಕ್ಕಾಗಿ ನಾನು ಇದನ್ನು ಇಟ್ಟುಕೊಂಡಿಲ್ಲ. ನೀರಿನ ಮೇಲೆ ನಿಂತಾಗ, ಆ ಹೊತ್ತಿನ ನೀರಿಗೆ ಯಾವ ಲೀಡರ್ ಸರಿಯೋ ಅದನ್ನೇ ಹಾಕುವ ಮನಸ್ಸು ಬರುತ್ತದೆ, ಅದಕ್ಕೆ.

ಮಾಮೂಲಿ ದಾರದಲ್ಲಿ ಆ ಮನಸ್ಸು ಬರುವುದಿಲ್ಲ. ಬೆಳಿಗ್ಗೆ ಒಂದು ಲೀಡರ್ ಕಟ್ಟಿದರೆ ಅದು ಸವೆದು ಗಿಡ್ಡ ಆಗುವ ತನಕ ಅದರಲ್ಲೇ ಕಾಲ ತಳ್ಳುತ್ತೇವೆ. ಬ್ರೇಡಿಗೆ ಲೀಡರ್ ಕಟ್ಟುವ ಎಫ್‌ಜಿ ಗಂಟು ಒಳ್ಳೆಯದು, ಅದರ ಬಗ್ಗೆ ನನಗೆ ಪೂರ್ತಿ ಗೌರವ ಇದೆ. ಆದರೆ ಗಾಳಿ ಬೀಸುತ್ತಿದೆ, ದೋಣಿ ತೇಲುತ್ತಿದೆ, ಕೈ ಒದ್ದೆ, ಎದುರಿಗೆ ಮೀನು ಮೇಲೆದ್ದು ಬೇಟೆ ಆಡುತ್ತಿದೆ. ಆಗ ಕೂತು ಎಫ್‌ಜಿ ಸುತ್ತುವವರು ಎಷ್ಟು ಜನ? ಇರುವ ಲೀಡರಿನಲ್ಲೇ ನಡೆಯಲಿ ಅಂತ ಬಿಡುತ್ತೇವೆ.

ಮೊದಲು ಈ ದಾರ ಏನು ಅಂತ ಹೇಳಿಬಿಡುತ್ತೇನೆ. ನಾವು ಸಾಮಾನ್ಯವಾಗಿ ಕೊಳ್ಳುವ ಬ್ರೇಡ್‌ನಲ್ಲಿ 4 ಅಥವಾ 8 ಎಳೆಗಳನ್ನು ಬಿಗಿಯಾಗಿ ಹೆಣೆದಿರುತ್ತಾರೆ, ಮಧ್ಯೆ ಜಾಗ ಇರುವುದಿಲ್ಲ. ಟೊಳ್ಳು ಬ್ರೇಡ್‌ನಲ್ಲಿ ಎಳೆಗಳು ಸಾಮಾನ್ಯವಾಗಿ ಇನ್ನೂ ಜಾಸ್ತಿ, 16 ಎಳೆಯವೂ ಸಿಗುತ್ತವೆ. ಅವನ್ನು ಕೊಳವೆಯ ಹಾಗೆ ಹೆಣೆದು ನಡುವೆ ಖಾಲಿ ಬಿಟ್ಟಿರುತ್ತಾರೆ. ನೂಲು ಮಾತ್ರ ಎರಡರಲ್ಲೂ ಒಂದೇ, ಡೈನೀಮಾ ಅಥವಾ ಸ್ಪೆಕ್ಟ್ರಾ ಹೆಸರಲ್ಲಿ ಬರುವ ಪಾಲಿಎಥಿಲೀನ್. ನೀರಿಗಿಂತ ಸ್ವಲ್ಪ ಹಗುರ, ಹಾಗಾಗಿ ತೇಲುತ್ತದೆ. ಹಿಗ್ಗುವುದು ತೀರಾ ಕಡಿಮೆ. ದಾರವನ್ನು ಎರಡು ಕೈಯಲ್ಲಿ ಹಿಡಿದು ಒಳಮುಖವಾಗಿ ತಳ್ಳಿದರೆ ಹೆಣಿಗೆ ಉಬ್ಬಿ ಬಾಯಿ ಬಿಡುತ್ತದೆ. ಎಳೆದರೆ ಸಣ್ಣಗಾಗಿ ಒಳಗಿದ್ದದ್ದನ್ನು ಕಚ್ಚಿ ಹಿಡಿಯುತ್ತದೆ. ಜೋರಾಗಿ ಎಳೆದಷ್ಟೂ ಹಿಡಿತ ಜಾಸ್ತಿ. ಇಡೀ ಪದ್ಧತಿ ನಿಂತಿರುವುದು ಇದೊಂದು ಗುಣದ ಮೇಲೆ.

ಕುಣಿಕೆ ಮಾಡುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೆದರಿ ದೂರ ಉಳಿಯುವವರು ಇಲ್ಲೇ ಉಳಿಯುವುದು. ಬೇಕಾಗಿರುವುದು ಒಂದು ಉದ್ದನೆಯ ತೆಳು ಸೂಜಿ. ಇದಕ್ಕೆಂದೇ ಕೊಕ್ಕೆ ಇರುವ ಸೂಜಿಗಳು ಸಿಗುತ್ತವೆ. ನನಗೆ ಗಿಟಾರಿನ ಅತಿ ತೆಳು ತಂತಿಯನ್ನು ಮಡಚಿ ಮಾಡಿಕೊಂಡದ್ದೇ ಸಲೀಸು. ದಾರದ ತುದಿಯಿಂದ ಸುಮಾರು ಎರಡು ಅಡಿ ಮೇಲೆ ಸೂಜಿಯನ್ನು ಹೆಣಿಗೆಯ ನಡುವಿನ ಟೊಳ್ಳಿಗೆ ತೂರಿಸಬೇಕು. ಆಮೇಲೆ ಬೆರಳಿನಿಂದ ಹೆಣಿಗೆಯನ್ನು ಸೂಜಿಯ ಮೇಲೆ ನೆರಿಗೆ ನೆರಿಗೆಯಾಗಿ ಕೂಡಿಸುತ್ತಾ, ಕುಣಿಕೆ ಎಲ್ಲಿ ಶುರುವಾಗಬೇಕೋ ಅಲ್ಲಿ ಸೂಜಿಯ ಮೂತಿ ಹೊರಗೆ ತೆಗೆಯಬೇಕು. ದಾರದ ತುದಿಯನ್ನು ಆ ಮೂತಿಗೆ ಸಿಕ್ಕಿಸಿ ಹಿಂದಕ್ಕೆ ಎಳೆದರೆ, ಪಾಯಿಜಾಮಕ್ಕೆ ಲಾಡಿ ಏರಿಸಿದ ಹಾಗೆ ದಾರ ತನ್ನ ಹೊಟ್ಟೆಯೊಳಗೇ ಓಡುತ್ತದೆ. ನಾನು 8 ಇಂಚು ಒಳಗೆ ಕಳಿಸುತ್ತೇನೆ. ತುದಿ ಹೊರಗೆ ಬಂದ ಮೇಲೆ ಅದನ್ನು ಓರೆಯಾಗಿ ಕತ್ತರಿಸಿ, ಕೆಲವು ಎಳೆಗಳನ್ನು ಗಿಡ್ಡ ಮಾಡಿ, ಮತ್ತೆ ಒಳಗೆ ಜಾರಿಬಿಡಬೇಕು. ಆಮೇಲೆ ಕುಣಿಕೆಯ ಬುಡ ಹಿಡಿದು ರೀಲಿನ ಕಡೆಗೆ ಬೆರಳಲ್ಲಿ ಸವರುತ್ತಾ ಹೋದರೆ ನೆರಿಗೆ ಎಲ್ಲ ಬಿಟ್ಟು ದಾರ ನಯವಾಗಿ ಕೂರುತ್ತದೆ. ಓರೆ ಕತ್ತರಿಸಿದ್ದರಿಂದ ದಪ್ಪ ಎಲ್ಲಿ ಮುಗಿಯಿತು ಅಂತ ಬೆರಳಿಗೆ ಗೊತ್ತಾಗುವುದೇ ಇಲ್ಲ.

ಒಂದು ಮಾತು ಇಲ್ಲಿ ಮುಖ್ಯ. ಎಳೆತ ಇದ್ದಾಗ ಈ ಜೋಡಣೆ ಬಿಡುವುದಿಲ್ಲ, ಆದರೆ ಸಡಿಲ ಇದ್ದಾಗ ಒಳಗಿನ ದಾರ ಮೆಲ್ಲಗೆ ಜಾರಬಲ್ಲದು. ಎಸೆಯುವಾಗ, ಡಬ್ಬಿಯಲ್ಲಿ ಇಟ್ಟಾಗ, ಲೂರ್ ಬಿಚ್ಚುವಾಗ ದಾರ ಸಡಿಲವೇ ಅಲ್ವಾ? ಅದಕ್ಕೆ ಕುಣಿಕೆಯ ಬುಡದಲ್ಲಿ ತೆಳು ಮೇಣದ ನೂಲಿನಿಂದ ಎರಡು ಮೂರು ಹೊಲಿಗೆ ಹಾಕಿ ಲಾಕ್ ಮಾಡಲೇಬೇಕು. ಇದನ್ನು ಬಿಡುವುದು ಬೇಡ.

ಲೀಡರಿನ ಕಡೆ ಕೆಲಸವೂ ಇದೇ ತತ್ವ. ಒಂದು ತುಂಡು ಟೊಳ್ಳು ಬ್ರೇಡ್ ತೆಗೆದುಕೊಂಡು ಒಂದು ತುದಿಯಲ್ಲಿ ಕುಣಿಕೆ. ಇನ್ನೊಂದು ತುದಿಯ ಬಾಯೊಳಗೆ ಲೀಡರ್ ದಾರ, ಅಂದರೆ ಒಂದೇ ಎಳೆಯ ಫ್ಲೋರೋಕಾರ್ಬನ್ (ಒಂದು ಬಗೆಯ ಪ್ಲಾಸ್ಟಿಕ್) ಅಥವಾ ನೈಲಾನ್ ತೂರಿಸುವುದು. ತೂರಿಸುವ ಮುಂಚೆ ಅದರ ತುದಿಯನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿದರೆ ಎಳೆಗಳ ನಡುವಿನಿಂದ ಚುಚ್ಚಿಕೊಂಡು ಹೊರಬರುವುದಿಲ್ಲ. ಬಾಯಿಯ ಹತ್ತಿರ ನೂಲು ಬಿಗಿಯಾಗಿ ಸುತ್ತಿ ಒಂದು ಹನಿ ಅಂಟು. ಅಂಟು ಜಾಸ್ತಿ ಆದರೆ ಆ ಜಾಗ ಕಡ್ಡಿಯ ಹಾಗೆ ಸೆಟೆದು, ಗೈಡಿನಲ್ಲಿ (ರಾಡಿನ ಮೇಲೆ ದಾರ ಹಾಯುವ ಬಳೆಯಲ್ಲಿ) ಬಾಗದೆ, ಅಲ್ಲೇ ಮುರಿಯುತ್ತದೆ. ಫ್ಲೋರೋಕಾರ್ಬನ್‌ನಲ್ಲೇ ಗಂಟು ಹಾಕಿ ಕುಣಿಕೆ ಮಾಡಬಾರದಾ ಅಂತ ಅನಿಸಬಹುದು. ಬೇಡ. ತೆಳ್ಳನೆ ಬ್ರೇಡ್ ಎಳೆತಕ್ಕೆ ಅದನ್ನು ಕೊಯ್ಯುತ್ತದೆ. ಬ್ರೇಡಿಗೆ ಬ್ರೇಡ್ ಕೂತರೆ ಎರಡೂ ಮೆತ್ತಗೆ ಇರುತ್ತವೆ.

ಕೋಯುವಾಗಲೂ ಕಣ್ಣಿಟ್ಟು ನೋಡಬೇಕು. ಮುಖ್ಯ ದಾರದ ಕುಣಿಕೆಯನ್ನು ಲೀಡರಿನ ಕುಣಿಕೆಯೊಳಗೆ ತೂರಿಸಿ, ಸುರುಳಿ ಸುತ್ತಿಟ್ಟ ಲೀಡರನ್ನು ಮುಖ್ಯ ದಾರದ ಕುಣಿಕೆಯಿಂದ ದಾಟಿಸಿ, ಒದ್ದೆ ಮಾಡಿ ಎಳೆಯುವುದು. ಎರಡು ಕುಣಿಕೆಗಳೂ ಒಂದನ್ನೊಂದು ಸಮವಾಗಿ ಹಿಡಿದುಕೊಂಡು ಕೂರಬೇಕು. ಒಂದು ನೆಟ್ಟಗೆ ನಿಂತು ಇನ್ನೊಂದು ಮಾತ್ರ ಅದನ್ನು ಸುತ್ತಿಕೊಂಡಿದ್ದರೆ ಬಿಚ್ಚಿ ಮತ್ತೆ ಹಾಕಬೇಕು, ಆ ಆಕಾರದಲ್ಲಿ ಒಂದು ಕುಣಿಕೆ ಇನ್ನೊಂದನ್ನು ತಿನ್ನುತ್ತದೆ. ಮುಖ್ಯ ದಾರದ ಕುಣಿಕೆಯನ್ನು ನಾನು 3 ಇಂಚು ಇಡುತ್ತೇನೆ. ಚಿಕ್ಕದು ಮಾಡಿದರೆ ಸುರುಳಿ ದಾಟುವುದಿಲ್ಲ, ಬದಲಾಯಿಸುವ ಸುಖವೇ ಹೋಗುತ್ತದೆ.

ಈಗ ನೀರಿಗೆ ಬರೋಣ. ನಸುಕಿನಲ್ಲಿ ಬಾಸ್ ಮೇಲೆ ಇದ್ದಾಗ ನಾನು ಹಾಕುವುದು 20 ಪೌಂಡಿನ ನೈಲಾನ್ ಲೀಡರ್. ಫ್ಲೋರೋಕಾರ್ಬನ್ ನೀರಿಗಿಂತ ಸುಮಾರು 1.8 ಪಟ್ಟು ಸಾಂದ್ರ, ಮುಳುಗುತ್ತದೆ. ನೀರಿನ ಮೇಲೆ ಬುಳಕ್ ಅನ್ನುತ್ತಾ ಬರುವ ಪಾಪರ್ ಅಥವಾ ಅತ್ತಿತ್ತ ತಲೆ ಆಡಿಸುತ್ತಾ ಬರುವ ಲೂರಿನ ಮೂಗನ್ನು ಕೆಳಗೆ ಎಳೆಯುತ್ತದೆ. ನೈಲಾನ್ ನಿಧಾನಕ್ಕೆ ಮುಳುಗುತ್ತದೆ, ಲೂರ್ ತಲೆ ಎತ್ತಿಕೊಂಡೇ ನಡೆಯುತ್ತದೆ. ಬರೀ ಬ್ರೇಡಿಗೆ ಕಟ್ಟಿದರೆ ಅದು ಮೆತ್ತಗಾಗಿ ಮುಂದಿನ ಕೊಕ್ಕೆಗೆ ಸುತ್ತಿಕೊಳ್ಳುತ್ತದೆ. ನೈಲಾನ್ ಸ್ವಲ್ಪ ಬಿರುಸು, ಆ ತೊಂದರೆ ಇಲ್ಲ.

ಬಿಸಿಲು ಏರಿತು, ಮೀನು ಆಳಕ್ಕೆ ಇಳಿಯಿತು, ನೀರು ತಿಳಿ. ಆಗ 15 ಪೌಂಡಿನ ಫ್ಲೋರೋಕಾರ್ಬನ್. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನಿನದು 1.5ಕ್ಕೂ ಮೇಲೆ. ನೀರಿಗೆ ಹತ್ತಿರ ಇದ್ದಷ್ಟೂ ಕಣ್ಣಿಗೆ ಬೀಳುವುದು ಕಡಿಮೆ. ಪೂರ್ತಿ ಮಾಯವಾಗುತ್ತದೆ ಅನ್ನುವುದು ಜಾಹೀರಾತಿನ ಮಾತು. ನನಗೆ ಅದಕ್ಕಿಂತ ದೊಡ್ಡ ಲಾಭ ಕಾಣುವುದು ತಳದಲ್ಲಿ. ಜಿಗ್ (ತಲೆಯಲ್ಲಿ ಭಾರ ಇರುವ ಲೂರ್) ಕಲ್ಲಿನ ಮೇಲೆ ಉಜ್ಜಿಕೊಂಡು ಹೋಗುವಾಗ ಬ್ರೇಡ್ ಬೇಗ ಹರಿಯುತ್ತದೆ, ಫ್ಲೋರೋಕಾರ್ಬನ್ ತಡೆಯುತ್ತದೆ. ಬಾಸ್ ಮೀನಿನ ಹಲ್ಲು ಕಚ್ಚಿ ಕತ್ತರಿಸುವಂಥದ್ದಲ್ಲ, ಆದರೆ ದವಡೆ ಉಪ್ಪುಕಾಗದದ ಹಾಗೆ ತರಿತರಿ. ಒಂದೆರಡು ಮೀನು ಬಂದ ಮೇಲೆ ಲೀಡರಿನ ಕೊನೆಯ ಒಂದು ಅಡಿ ಬೆರಳಿಗೆ ಒರಟಾಗಿ ಸಿಗುತ್ತದೆ. ಮೊದಲಾದರೆ ಆ ಒರಟನ್ನು ಕಡೆಗಣಿಸುವ ಆಸೆ ಬರುತ್ತಿತ್ತು. ಈಗ ಲೀಡರ್ ಬಿಚ್ಚಿ ಬೇರೆಯದು ಹಾಕುತ್ತೇನೆ, ಮುಖ್ಯ ದಾರ ಒಂದಿಂಚೂ ಕಡಿಮೆ ಆಗುವುದಿಲ್ಲ.

ಎಳೆದಾಗ ಮುಳುಗಿ ಅಲ್ಲಾಡುತ್ತಾ ಬರುವ ಕ್ರ್ಯಾಂಕ್‌ಬೈಟ್ ಲೂರಿನ ಕಥೆ ಬೇರೆ. ಅದರ ಮೂರು ಮೊನೆಯ ಸಣ್ಣ ಕೊಕ್ಕೆಗಳು ಮೀನಿನ ಬಾಯಿಯ ತೆಳು ಚರ್ಮಕ್ಕೆ ಸಿಕ್ಕಿರುತ್ತವೆ. ಬಾಸ್ ನೀರಿನಿಂದ ಮೇಲೆ ಹಾರಿ ತಲೆ ಒದರಿದಾಗ ಹಿಗ್ಗದ ದಾರ ಆ ಚರ್ಮವನ್ನು ಹರಿದುಬಿಡುತ್ತದೆ. ಇದಕ್ಕೆ ನನ್ನ ಹತ್ತಿರ 10 ಅಡಿ ಉದ್ದದ, ಹಿಗ್ಗುವ ನೈಲಾನ್ ಲೀಡರ್ ಇದೆ. ಅಷ್ಟು ಉದ್ದ ಅಂದರೆ ಜೋಡಣೆ ಗೈಡುಗಳನ್ನೆಲ್ಲ ದಾಟಿ ರೀಲಿನೊಳಗೇ ಹೋಗುತ್ತದೆ. ಎರಡು ದಾರ ಸೇರಿಸುವ ಡಬಲ್ ಯೂನಿ ಗಂಟು ಇದ್ದಾಗ ಪ್ರತಿ ಎಸೆತಕ್ಕೂ ಗೈಡುಗಳಲ್ಲಿ ಟಕಟಕ ಅಂತ ಬಡಿದುಕೊಂಡು ಹೋಗುತ್ತಿತ್ತು. ಕುಣಿಕೆಯ ಜೋಡಣೆ ಮೆತ್ತಗೆ ಬಾಗಿ ಜಾರುತ್ತದೆ. ದಾರವನ್ನು ಸ್ಪೂಲಿನ ಮೇಲೆ ಸಮವಾಗಿ ಹರಡುವ ಲೆವೆಲ್‌ವೈಂಡಿನ ಸಣ್ಣ ಕಿಂಡಿಯಲ್ಲೂ ಸಿಕ್ಕಿಕೊಳ್ಳುವುದಿಲ್ಲ. ತೀರಾ ಚಿಕ್ಕ ಮೈಕ್ರೋ ಗೈಡ್ ಇರುವ ರಾಡ್ ಆದರೆ ಮಾತ್ರ ಮೊದಲು ಕೈಯಲ್ಲಿ ಎಳೆದು ನೋಡಿ.

ಜೊಂಡಿನ ಮೇಲೆ ಕಪ್ಪೆ ಲೂರ್ ಎಳೆಯುವುದಕ್ಕೆ ಫ್ಲೋರೋಕಾರ್ಬನ್ನೂ ಬೇಡ, ನೈಲಾನೂ ಬೇಡ. ಒಂದು ತುಂಡು ಬ್ರೇಡೇ ಲೀಡರ್. ಜೊಂಡು ಅದನ್ನು ತಿಂದು ಹಾಕಿದರೆ ತುಂಡು ಹೋಯಿತು, ಅಷ್ಟೆ.

ಇನ್ನು ಕೊರತೆಗಳು. ಇವು ಸಣ್ಣವಲ್ಲ. ಟೊಳ್ಳು ಬ್ರೇಡ್ ಅದೇ ಪೌಂಡಿನ ಮಾಮೂಲಿ ಬ್ರೇಡಿಗಿಂತ ಅಗಲ. ಹಾಗಾಗಿ ಸ್ಪೂಲಿನಲ್ಲಿ ಕಡಿಮೆ ಉದ್ದ ಹಿಡಿಸುತ್ತದೆ. ಎಳೆತದಲ್ಲಿ ಚಪ್ಪಟೆ ಆಗಿ ಪಟ್ಟಿಯ ಹಾಗೆ ಕೂರುತ್ತದೆ, ಸಡಿಲ ಸುತ್ತಿದರೆ ಮೇಲಿನ ಸುತ್ತು ಕೆಳಗಿನ ಸುತ್ತಿನೊಳಗೆ ಹೂತುಹೋಗುತ್ತದೆ. ಹೊಸದಾಗಿ ತುಂಬುವಾಗ ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಹಿಡಿದು ಸುತ್ತಲೇಬೇಕು. ಎದುರುಗಾಳಿಯಲ್ಲಿ ಎಸೆತದ ದೂರ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ನೀರನ್ನೂ ಜಾಸ್ತಿ ಹೀರುತ್ತದೆ, ಚಳಿ ಕಾಲದಲ್ಲಿ ಗೈಡಿನಲ್ಲಿ ಮಂಜುಗಡ್ಡೆ ಕಟ್ಟುವ ಜಾಗದಲ್ಲಿ ಇದು ತಲೆನೋವು. ಬಣ್ಣ ಬೇಗ ಮಾಸುತ್ತದೆ. ಅದರಿಂದ ಮೀನಿಗೆ ಏನೂ ಆಗಿಲ್ಲ.

ಎಲ್ಲಕ್ಕಿಂತ ದೊಡ್ಡ ಮಿತಿ ಅಳತೆಯದು. ಟೊಳ್ಳು ಬ್ರೇಡ್ ತೀರಾ ಸಣ್ಣದರಲ್ಲಿ ಸಿಗುವುದು ಕಷ್ಟ. 40 ಪೌಂಡಿನ ಕೊಳವೆಯೊಳಗೆ 15, 20 ಪೌಂಡಿನ ಲೀಡರ್ ತುಂಬಿಕೊಂಡು ಕೂರುತ್ತದೆ. 6, 8 ಪೌಂಡಿನದು ಒಳಗೆ ಲೊಳಲೊಳ ಅನ್ನುತ್ತದೆ, ಹಿಡಿತವೇ ಸಿಗುವುದಿಲ್ಲ. ಆದ್ದರಿಂದ ಕೊಕ್ಕೆಯ ಕೆಳಗೆ ಭಾರ ಕಟ್ಟುವ ಡ್ರಾಪ್‌ಶಾಟ್‌ನಂಥ ನಾಜೂಕು ಆಟಕ್ಕೆ, ಸ್ಪಿನ್ನಿಂಗ್ ರೀಲಿಗೆ, ಇದು ನನ್ನ ಆಯ್ಕೆ ಅಲ್ಲ. ಅಲ್ಲಿ ಸಣ್ಣ ಮಾಮೂಲಿ ಬ್ರೇಡ್, ಎಫ್‌ಜಿ ಗಂಟು, ಮುಗಿಯಿತು.

ಬಾಳಿಕೆಯಲ್ಲಿ ಮಾತ್ರ ಇದು ನನ್ನನ್ನು ಗೆದ್ದಿದೆ. ಯಾವ ಬ್ರೇಡ್ ಆದರೂ ಸವೆಯುವುದು ಮುಂದಿನ ಭಾಗ, ಎಸೆತಕ್ಕೆ ಹೋಗಿ ಬರುವ ಅಷ್ಟು ಉದ್ದ. ಹಿಂದಿನದು ಹೊಸದರ ಹಾಗೇ ಇರುತ್ತದೆ. ಮಾಮೂಲಿ ಬ್ರೇಡಿನಲ್ಲಿ ಮುಂದಿನದನ್ನು ಕತ್ತರಿಸಿ ಹೊಸದನ್ನು ಸೇರಿಸಿದರೆ ಮಧ್ಯೆ ಗಂಟು ಉಳಿಯುತ್ತದೆ. ಇದರಲ್ಲಿ ಹಳೆಯದರೊಳಗೆ ಹೊಸದು, ಹೊಸದರೊಳಗೆ ಹಳೆಯದು, ಹೀಗೆ ಎರಡೂ ಕಡೆ ಒಂದೊಂದು ಗೇಣು ತೂರಿಸಿದರೆ ಗಂಟೇ ಇಲ್ಲದ ಒಂದೇ ದಾರ. ಎಸೆಯುವಾಗ ಆ ಜಾಗ ಹೆಬ್ಬೆರಳಿಗೆ ಸ್ವಲ್ಪ ದಪ್ಪ ಅನಿಸುತ್ತದೆ, ಅಷ್ಟೇ ವ್ಯತ್ಯಾಸ. ಸ್ಪೂಲಿನ ಬುಡದ ನೈಲಾನ್ ಬ್ಯಾಕಿಂಗನ್ನೂ ಇದೇ ರೀತಿ ಒಳಗೆ ತೂರಿಸಿ ಸೇರಿಸಿದ್ದೇನೆ. ರೀಲಿನಲ್ಲಿರುವ ದಾರದ ಹಿಂಭಾಗ ಇವತ್ತಿಗೂ ಮೊದಲು ತುಂಬಿದ್ದೇ.

ಇನ್ನೊಂದು ವಿಷಯ ನನಗೆ ಮನಸ್ಸಿಗೆ ಹತ್ತಿರದ್ದು. ಈ ನೂಲು ನೀರಿನಲ್ಲಿ ಕೊಳೆಯುವುದಿಲ್ಲ. ಕೊಂಬೆಗೆ ಸಿಕ್ಕಿ ಉಳಿದ ಬ್ರೇಡ್ ಹಕ್ಕಿಗಳ ಕಾಲಿಗೆ ಸುತ್ತಿಕೊಂಡು ಅವು ಒದ್ದಾಡುವುದನ್ನು ನೋಡಿದವರಿಗೆ ಇದು ಸುಮ್ನೆ ಹೇಳುವ ಮಾತಲ್ಲ ಅಂತ ಗೊತ್ತು. ಮುಖ್ಯ ದಾರ 40 ಪೌಂಡ್, ಲೀಡರ್ 15 ಇದ್ದಾಗ, ದಾರ ಬೇರೆಲ್ಲೂ ಪೆಟ್ಟು ತಿಂದಿಲ್ಲದಿದ್ದರೆ, ಮರದ ದಿಮ್ಮಿಗೆ ಸಿಕ್ಕಿಕೊಂಡಾಗ ಮುರಿಯುವುದು ಲೀಡರಿನ ಕಡೆ, ಹೆಚ್ಚಾಗಿ ಲೂರಿನ ಗಂಟಿನಲ್ಲೇ. ಬ್ರೇಡ್ ಪೂರ್ತಿ ಕೈಗೆ ವಾಪಸ್ ಬರುತ್ತದೆ. ಬಿಡಿಸುವಾಗ ದಾರವನ್ನು ಕೈಗೆ ಸುತ್ತಿಕೊಂಡು ಎಳೆಯಬೇಡಿ, ಬೆರಳು ಕೊಯ್ಯುತ್ತದೆ. ಒಂದು ಗಟ್ಟಿ ಕೋಲಿಗೆ ಸುತ್ತಿ ಎಳೆಯಿರಿ. ಕುಣಿಕೆ ಮಾಡುವಾಗ ಕತ್ತರಿಸಿದ ಚೂರುಗಳನ್ನೂ ಜೇಬಿಗೆ ಹಾಕಿಕೊಳ್ಳಿ.

ಒಂದೇ ರಾಡಿನಲ್ಲಿ ನಾಲ್ಕು ತರಹದ ಲೂರ್ ಆಡುವವರಿಗೆ, ದೋಣಿಯಲ್ಲಿ ಅಥವಾ ದಡದಲ್ಲಿ ಜಾಗ ಕಡಿಮೆ ಇರುವವರಿಗೆ, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಲೂರಿಗೊಂದು ರಾಡ್ ಒಯ್ಯುವವರಿಗೆ ಇದರ ಅಗತ್ಯ ಅಷ್ಟಿಲ್ಲ. ಮನೆಯಲ್ಲಿ ಕೂತು ಲೀಡರ್ ತಯಾರು ಮಾಡುವ ತಾಳ್ಮೆ ಇಲ್ಲದಿದ್ದರೆ ಕೈ ಹಾಕಬೇಡಿ, ನೀರಿನ ಮೇಲೆ ಉಳಿತಾಯ ಆಗುವ ಸಮಯ ಎಲ್ಲ ಮನೆಯಲ್ಲಿ ಮೊದಲೇ ಕೊಟ್ಟ ಸಮಯ.

ಶುರು ಮಾಡುವವರು ಮೊದಲು ಒಂದೆರಡು ಮೀಟರ್ ತುಂಡಿನಲ್ಲಿ ಕುಣಿಕೆ ಹಾಕಿ, ಬಿಚ್ಚಿ, ಮತ್ತೆ ಹಾಕಿ ಕೈ ಕೂರಿಸಿಕೊಳ್ಳಿ. ರೀಲಿಗೆ ಹಾಕಿದ ಮೇಲೆ ಪ್ರತಿ ಸಲ ಹೊರಡುವ ಮುಂಚೆ ಮೇಣದ ನೂಲಿನ ಹೊಲಿಗೆ ನೋಡಿ, ಕುಣಿಕೆಯ ತಿರುವನ್ನು ಉಗುರಲ್ಲಿ ಸವರಿ. ಎಳೆಗಳು ಜುಂಗು ಜುಂಗಾಗಿ ಎದ್ದಿದ್ದರೆ ಒಂದು ಅಡಿ ಕತ್ತರಿಸಿ ಹೊಸ ಕುಣಿಕೆ ಹಾಕಿಕೊಂಡೇ ಹೊರಡಿ.