ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ: ಸೈಕಲ್ಲಿಗೆ ಯಾವ ಏರು?

ನಮ್ಮ ಬೀದಿಯ ಹುಡುಗಿ ಒಬ್ಬಳು ಪಿಯುಸಿ ಮುಗಿಸಿ ಗೇರ್ ಸೈಕಲ್ ಕೊಂಡಳು. ಮಾರನೇ ದಿನವೇ ಬಂದು ಕೇಳಿದಳು, “ಅಂಕಲ್, ಮೊದಲು ಯಾವ ಗಿರಿ ಹತ್ತಲಿ?” ಚಿಕ್ಕಮಗಳೂರಿನಲ್ಲಿ ಸೈಕಲ್ ತುಳಿಯುವವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಬಹಳ ಜನ ಯೋಚನೆ ಮಾಡದೆ ಮುಳ್ಳಯ್ಯನಗಿರಿ ಅನ್ನುತ್ತಾರೆ. ರಾಜ್ಯದಲ್ಲೇ ಎತ್ತರದ ಶಿಖರ, 1,930 ಮೀಟರ್. ಆಸೆ ಆಗುವುದು ಸಹಜ. ಆದರೆ ನಾನು ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೂರೂ ಏರುಗಳನ್ನು ಒಂದೇ ರೋಡ್ ಸೈಕಲ್ಲಿನಲ್ಲಿ, ಒಂದೇ ಚಳಿಗಾಲದಲ್ಲಿ ಹತ್ತಿದ್ದೇನೆ. ಪ್ರತಿಯೊಂದನ್ನೂ ಮೂರ್ನಾಲ್ಕು ಸಲ. ಮಳೆಗಾಲದ ಮಾತು ಬೇರೆ. ಆಗ ಈ ರಸ್ತೆಗಳಲ್ಲಿ ಪಾಚಿ, ಮಂಜು, ಬಿದ್ದ ಮರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಗಿರಿ ಕಡೆ ಸೈಕಲ್ ತಿರುಗಿಸುವುದಿಲ್ಲ. ಚಾರ್ಮಾಡಿ ಘಾಟಿಯನ್ನು ಈ ಹೋಲಿಕೆಗೆ ಸೇರಿಸಿಲ್ಲ. ಒಂದು ಸಲ ಹತ್ತಿದ್ದೇನೆ. ಕೊಟ್ಟಿಗೆಹಾರದ ನೀರುದೋಸೆ ಬಿಟ್ಟರೆ, ಬಸ್ಸು ಗಾಡಿಗಳ ಪಕ್ಕ ಮೋರಿ ಅಂಚಿನಲ್ಲಿ ತುಳಿದದ್ದಷ್ಟೇ ನೆನಪು.

ಮೊದಲು ಬೆಟ್ಟದ ಬಗ್ಗೆ ಎರಡು ಮಾತು. ಈ ಸಾಲು ನಕ್ಷೆಯಲ್ಲಿ ಕುದುರೆ ಲಾಳದ ಹಾಗೆ ಬಾಗಿದೆ. ಅರ್ಧಚಂದ್ರದ ಆಕಾರ, ಅದಕ್ಕೇ ಚಂದ್ರದ್ರೋಣ ಅನ್ನುತ್ತಾರೆ. ಒಳಗಡೆ ಜಾಗರ ಕಣಿವೆ. ಇದು ಹಳೇ ಜ್ವಾಲಾಮುಖಿಯ ಬಾಯಿ ಅಂತ ಕೆಲವರು ನಂಬಿದ್ದಾರೆ. ಬಾಯಿ ಅಲ್ಲ. ಆದರೆ ಲಾವಾ ಹರಿದದ್ದು ನಿಜ. 250 ಕೋಟಿ ವರ್ಷಕ್ಕೂ ಹಿಂದೆ ಹರಿದು ಗಟ್ಟಿಯಾದ ಲಾವಾ ಪದರಗಳು ಆಮೇಲೆ ಮಡಿಚಿಕೊಂಡವು, ಸವೆದವು. ಈ ಲಾಳ ಉಳಿದದ್ದು ಹಾಗೆ. ಭೂವಿಜ್ಞಾನಿಗಳು ಆ ಪದರಗಳಿಗೆ ನಮ್ಮ ಊರುಗಳ ಹೆಸರನ್ನೇ ಇಟ್ಟಿದ್ದಾರೆ: ಕಳಸಾಪುರ, ಅಲ್ಲಂಪುರ, ಸಂತವೇರಿ, ಎಲ್ಲಕ್ಕಿಂತ ಮೇಲೆ ಮುಳ್ಳಯ್ಯನಗಿರಿ. ಕೆಳಗಿನ ಪದರಗಳಲ್ಲಿ ಲಾವಾ ಕಲ್ಲು ಇದೆ. ಮೇಲಿನದು ಕಬ್ಬಿಣ ತುಂಬಿದ ಗಟ್ಟಿ ಕಲ್ಲು, ಬೇಗ ಸವೆಯುವುದಿಲ್ಲ. ಹಾಗಾಗಿ ಬೆಟ್ಟದ ತಲೆ ಕಡಿದಾಗಿ ನಿಂತಿದೆ. ತುಳಿಯುವವನಿಗೆ ಇದು ಪಾಠದ ವಿಷಯ ಅಲ್ಲ, ತೊಡೆಯ ವಿಷಯ. ಇಲ್ಲಿ ಬೆಟ್ಟ ಕಷ್ಟವನ್ನು ಕೊನೆಗೆ ಇಟ್ಟುಕೊಂಡಿರುತ್ತದೆ.

ಇದು ಜಾಸ್ತಿ ಗೊತ್ತಾಗುವುದು ಮುಳ್ಳಯ್ಯನಗಿರಿಯಲ್ಲಿ. ಊರು ಇರುವುದೇ ಸುಮಾರು 1,090 ಮೀಟರ್ ಎತ್ತರದಲ್ಲಿ. ಕೈಮರದವರೆಗೆ ರಸ್ತೆ ಸುಲಭ. ಎರಡೂ ಕಡೆ ತೋಟ, ಸಿಲ್ವರ್ ಓಕ್, ಮೇಲೆ ಹಬ್ಬಿದ ಮೆಣಸಿನ ಬಳ್ಳಿ. ಮೈ ಬಿಸಿ ಆಗುತ್ತದೆ, ಧೈರ್ಯ ಬರುತ್ತದೆ. ಚೆಕ್‌ಪೋಸ್ಟ್ ದಾಟಿದ ಮೇಲೆ ಏರು ಶುರು. ಸೀತಾಳಯ್ಯನಗಿರಿ ಕಡೆ ತಿರುಗಿದ ಮೇಲೆ ಮರದ ನೆರಳು ಮುಗಿಯುತ್ತದೆ. ಮುಂದೆ ಬರೀ ಹುಲ್ಲುಗುಡ್ಡ. ಗಾಳಿಗೆ ಅಡ್ಡ ಏನೂ ಇಲ್ಲ. ಒಂದು ತಿರುವಿನಲ್ಲಿ ಗಾಳಿ ಬೆನ್ನು ತಳ್ಳುತ್ತದೆ, ಮುಂದಿನ ತಿರುವಿನಲ್ಲಿ ಎದೆಗೇ ಹೊಡೆಯುತ್ತದೆ. ರಸ್ತೆ ಕಿರಿದು. ಎದುರಿಂದ ಕಾರು ಬಂದರೆ ಅಂಚಿಗೆ ಇಳಿಯಬೇಕು. ಕಡಿದಾದ ಕಡೆ ಒಮ್ಮೆ ಕಾಲು ಊರಿದರೆ ಮತ್ತೆ ಹತ್ತಿ ಕೂರುವುದೇ ಒಂದು ಸಾಹಸ. ಮೊದಲ ಸಲ ನಾನು ಮೂರು ಕಡೆ ಇಳಿದೆ. ಆಮೇಲೆ ಕಾರಣ ಹುಡುಕಿದೆ. ತಪ್ಪು ಗೇರಿನಲ್ಲಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನನ್ನ ಸೈಕಲ್ಲಿನ ಮುಂದೆ, ಪೆಡಲ್ ಹತ್ತಿರ ಇರುವ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು. ಹಿಂದೆ ಆಗ ಇದ್ದ ದೊಡ್ಡ ಹಲ್ಲುಚಕ್ರ 28ರದ್ದು. ಕಡಿದಾದ ಏರಿನಲ್ಲಿ ನನ್ನ ವೇಗ ಗಂಟೆಗೆ 8 ಕಿಲೋಮೀಟರ್. ಆ ವೇಗಕ್ಕೆ ಪೆಡಲ್ ಒಂದು ನಿಮಿಷಕ್ಕೆ ಸುಮಾರು 52 ಸುತ್ತು ಮಾತ್ರ ತಿರುಗುತ್ತದೆ. ಅಂದರೆ ಪ್ರತಿ ತುಳಿತಕ್ಕೂ ಮಂಡಿಯ ಮೇಲೆ ಭಾರ. ಹಿಂದೆ 34 ಹಲ್ಲಿನದು ಹಾಕಿಸಿದ ಮೇಲೆ ಅದೇ ವೇಗಕ್ಕೆ 63 ಸುತ್ತು ಬಂತು. ಕೇಳುವುದಕ್ಕೆ ಸಣ್ಣ ವ್ಯತ್ಯಾಸ. ಮಂಡಿಗೆ ಮಾತ್ರ ಬೇರೆಯೇ ಬೆಟ್ಟ. ಎರಡನೇ ಸಲ ಒಂದೇ ಕಡೆ ನಿಂತೆ, ಅದೂ ಮೋಡ ಕೆಳಗೆ ಹೋಗುವುದನ್ನು ನೋಡುವುದಕ್ಕೆ. ಹೊಸ ಟೈರು, ಹಗುರ ಫ್ರೇಮು ಅಂತ ದುಡ್ಡು ಹಾಕುವ ಮೊದಲು ಹಿಂದಿನ ಹಲ್ಲು ಎಣಿಸಿ. ಇಷ್ಟು ಮಾಡಿದರೆ ಸಾಕು. ರಸ್ತೆ ಮುಗಿದ ಮೇಲೆ ಮೆಟ್ಟಿಲು ಇವೆ. ಸೈಕಲ್ ಶೂ ಹಾಕಿಕೊಂಡು ಹತ್ತಬೇಡಿ, ಜಾರುತ್ತದೆ. ಬರಿಗಾಲಲ್ಲಿ ಹೋಗಿ ಕೈಮುಗಿದು ಬನ್ನಿ.

ಬಾಬಾಬುಡನ್‌ಗಿರಿ ರಸ್ತೆ ಇದೇ ಕೈಮರದಿಂದ ಶುರುವಾದರೂ ಗುಣ ಬೇರೆ. ಊರಿಂದ 30 ಕಿಲೋಮೀಟರ್ ಹತ್ತಿರ ಆಗುತ್ತದೆ. ಕವಿಕಲ್ ಗಂಡಿವರೆಗೆ ಏರು ಇದೆ, ಆದರೆ ಕಾಲಿಗೆ ಒಂದು ಹದ ಸಿಗುತ್ತದೆ. ಗಂಡಿ ದಾಟಿದ ಮೇಲೆ ರಸ್ತೆ ಇಳಿದು, ಏರಿ, ಮತ್ತೆ ಇಳಿದು ಅತ್ತಿಗುಂಡಿ ಕಡೆ ಹೋಗುತ್ತದೆ. ಇಳಿಯುವಾಗ ಉಸಿರು ಸಿಗುತ್ತದೆ, ನೀರು ಕುಡಿಯಬಹುದು. ಮುಳ್ಳಯ್ಯನಗಿರಿಯಲ್ಲಿ ಇಲ್ಲದ್ದು ಇದೇ. ಬಾಬಾ ಬುಡನ್ ಯೆಮೆನ್‌ನಿಂದ 7 ಕಾಫಿ ಬೀಜ ತಂದು ನೆಟ್ಟರು ಅಂತ ಹೇಳುವುದು ಈ ಗಿರಿಯ ಬಗ್ಗೆಯೇ. ಮಾರ್ಚ್‌–ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದು ತೋಟ ಬೆಳ್ಳಗೆ ಹೂ ಬಿಟ್ಟಾಗ ಈ ರಸ್ತೆಯಲ್ಲಿ ಒಮ್ಮೆ ತುಳಿಯಿರಿ. ಏದುಸಿರಲ್ಲಿ ಆ ವಾಸನೆ ಹೊಟ್ಟೆಯವರೆಗೂ ಇಳಿಯುತ್ತದೆ. ಕಾರಿನಲ್ಲಿ ಹೋದವರಿಗೆ ಇದು ಸಿಗುವುದಿಲ್ಲ ಅಲ್ವಾ?

ತೊಂದರೆ ಅಂದರೆ ಜೀಪು. ಝರಿ ಜಲಪಾತಕ್ಕೆ ಜನರನ್ನು ಕರೆದೊಯ್ಯುವ ಜೀಪುಗಳು ಒಂಬತ್ತು ಗಂಟೆ ಮೇಲೆ ಜಾಸ್ತಿ. ಓಡಿಸುವವರು ಒಳ್ಳೆಯವರು, ಅದನ್ನೂ ಹೇಳಬೇಕು. ಒಂದು ದಿನ ದಟ್ಟ ಮಂಜಿನಲ್ಲಿ ಒಬ್ಬರು ಗಾಡಿ ನಿಧಾನ ಮಾಡಿ, “ಅಣ್ಣಾ, ಮೇಲೆ ಇನ್ನೂ ಮಂಜಿದೆ, ಹಿಂದಿನ ಲೈಟ್ ಹಾಕ್ಕೊಳ್ಳಿ” ಅಂದು ಹೋದರು. ಅವತ್ತಿನಿಂದ ಬಿಸಿಲಿದ್ದರೂ ಕೆಂಪು ಲೈಟ್ ಇಲ್ಲದೆ ಹೊರಡುವುದಿಲ್ಲ.

ಈ ಎರಡೂ ಗಿರಿಗಳ ಇಳಿಜಾರಿನ ವಿಷಯ ಒಟ್ಟಿಗೆ ಹೇಳುತ್ತೇನೆ. ಸೈಕಲ್ಲೂ ಸೇರಿ 80 ಕಿಲೋ ಭಾರ 500 ಮೀಟರ್ ಕೆಳಗೆ ಇಳಿದರೆ ಬಿಡುಗಡೆ ಆಗುವ ಶಕ್ತಿ ಒಂದು ಲೀಟರ್ ತಣ್ಣೀರನ್ನು ಕುದಿಸುವಷ್ಟು. ನಿಧಾನಕ್ಕೆ ಬ್ರೇಕ್ ಹಿಡಿದೇ ಇಳಿದರೆ ಅದರಲ್ಲಿ ಬಹುಪಾಲು ಬ್ರೇಕಿಗೇ ಹೋಗುತ್ತದೆ. ನನ್ನದು ರಿಮ್ಮನ್ನು ಹಿಡಿಯುವ ರಬ್ಬರ್ ಬ್ರೇಕು. ಡಿಸೆಂಬರಿನ ಒಂದು ಬೆಳಿಗ್ಗೆ ರಸ್ತೆ ಒದ್ದೆ ಇತ್ತು, ರಬ್ಬರ್ ಮೊದಲೇ ಸವೆದಿತ್ತು. ಹಿಂದಿನ ವಾರವಷ್ಟೇ ಸರ್ವಿಸ್ ಮಾಡಿಸಿದ್ದೆ, ಬದಲಿಸಿದ್ದೇವೆ ಅಂದಿದ್ದರು. ಬದಲಿಸಿರಲಿಲ್ಲ. ಎರಡನೇ ತಿರುವಿನಲ್ಲೇ ಕಬ್ಬಿಣ ಉಜ್ಜುವ ಸದ್ದು ಬಂತು. ಇಳಿದು, ಕೈಮರದವರೆಗೆ ಸೈಕಲ್ ತಳ್ಳಿಕೊಂಡು ಬಂದೆ. ಹೊರಡುವ ಹಿಂದಿನ ರಾತ್ರಿ ನಿಮ್ಮ ಕಣ್ಣಲ್ಲೇ ರಬ್ಬರ್ ನೋಡಿ. ಇಳಿಯುವಾಗ ಸುಮ್ನೆ ಹಿಡಿದುಕೊಂಡೇ ಇರಬೇಡಿ. ತಿರುವಿಗೆ ಮೊದಲು ಗಟ್ಟಿ ಹಿಡಿದು, ವೇಗ ಇಳಿಸಿ, ಬಿಟ್ಟುಬಿಡಿ. ಡಿಸ್ಕ್ ಬ್ರೇಕ್ ಇದ್ದರೆ ಒದ್ದೆಯಲ್ಲಿ ನೆಮ್ಮದಿ ಜಾಸ್ತಿ. ಈ ಒಂದು ವಿಷಯಕ್ಕೆ ಮುಂದಿನ ಸೈಕಲ್ ಡಿಸ್ಕಿನದೇ ತೆಗೆದುಕೊಳ್ಳುತ್ತೇನೆ.

ಕೆಮ್ಮಣ್ಣುಗುಂಡಿ ಲೆಕ್ಕ ಜನ ತಪ್ಪು ಹಾಕುತ್ತಾರೆ. ಎತ್ತರ 1,434 ಮೀಟರ್, ಮುಳ್ಳಯ್ಯನಗಿರಿಗಿಂತ ಸುಮಾರು 500 ಮೀಟರ್ ಕಡಿಮೆ, ಹಾಗಾಗಿ ಸುಲಭ ಅಂತ. ಆದರೆ ಏರು ಶುರುವಾಗುವುದು ಎಲ್ಲಿಂದ ಅಂತ ನೋಡಬೇಕು. ತರೀಕೆರೆ ಇರುವುದು ಸುಮಾರು 700 ಮೀಟರಿನಲ್ಲಿ. ಅಲ್ಲಿಂದ ಲಿಂಗದಹಳ್ಳಿ ಮೇಲೆ ಬಂದರೆ ಹತ್ತಬೇಕಾದದ್ದು 730 ಮೀಟರ್ ಆಯಿತು. ನಮ್ಮೂರಿಂದ ಮುಳ್ಳಯ್ಯನಗಿರಿಯ ತುದಿವರೆಗೆ, ಮೆಟ್ಟಿಲೂ ಸೇರಿ, 840. ಜಾಸ್ತಿ ಅಂತರ ಎಲ್ಲಿದೆ? ಮೇಲಾಗಿ ಚಿಕ್ಕಮಗಳೂರಿಂದ ಸೈಕಲ್ಲಿನಲ್ಲೇ ಹೋಗುವವರು ಮಲ್ಲೇನಹಳ್ಳಿ, ಸಂತವೇರಿ ದಾಟಿ ಕೆಳಗೆ ಇಳಿಯುತ್ತಾರೆ. ಬೆಳಿಗ್ಗೆ ಖುಷಿಯಾಗಿ ಇಳಿದ ಆ ಸಂತವೇರಿ ಘಾಟಿಯನ್ನು ವಾಪಸ್ ಬರುವಾಗ, ನಡು ಮಧ್ಯಾಹ್ನ, ಖಾಲಿ ಹೊಟ್ಟೆಯಲ್ಲಿ ಹತ್ತಬೇಕು. ಹೋಗಿ ಬರುವುದಕ್ಕೆ 100 ಕಿಲೋಮೀಟರ್ ದಾಟುತ್ತದೆ. ದೀಪಾವಳಿ ಹೊತ್ತಿಗೆ ಮಾತ್ರ ಈ ದಾರಿ ಬೇಡ, ದೇವೀರಮ್ಮನ ಬೆಟ್ಟಕ್ಕೆ ಬರುವವರಿಂದ ಮಲ್ಲೇನಹಳ್ಳಿ ತುಂಬಿರುತ್ತದೆ.

ಇಷ್ಟೆಲ್ಲ ಹೇಳಿದರೂ, ಏರು ಅಂತ ಮಾತ್ರ ನೋಡಿದರೆ ನನಗೆ ಮೂರರಲ್ಲಿ ಇಷ್ಟವಾದದ್ದು ಇದೇ. ಕಲ್ಲತ್ತಿಗಿರಿಯಲ್ಲಿ ನಿಂತು ಮುಖಕ್ಕೆ ನೀರು ಹಾಕಿಕೊಂಡು, ಮುಂದೆ ಕಾಡಿನ ನೆರಳಲ್ಲಿ ತಿರುವು ಮೇಲೆ ತಿರುವು. ಗಾಳಿ ಇಲ್ಲ. ಕಾಲು ಒಂದೇ ಸಮ ತಿರುಗುತ್ತದೆ, ಮನಸ್ಸು ಎಲ್ಲೋ ಹೋಗಿರುತ್ತದೆ. ಅಂಚಿನ ಮಣ್ಣು ಹೆಸರಿಗೆ ತಕ್ಕಂತೆ ಕೆಂಪು. ಮುಳ್ಳಯ್ಯನಗಿರಿಯ ತಲೆಯಲ್ಲಿ ಇರುವ ಅದೇ ಕಬ್ಬಿಣ ಇಲ್ಲಿ ತುಕ್ಕಾಗಿ ಟೈರಿಗೆ ಅಂಟುತ್ತದೆ. ಕಿತ್ತುಹೋದ ಕಡೆ ಜಲ್ಲಿ ಇರುತ್ತದೆ, 25 ಮಿಲಿಮೀಟರ್ ಟೈರು ಸಾಲದು. 28 ಹಾಕಿ ಗಾಳಿ ಸ್ವಲ್ಪ ಕಡಿಮೆ ತುಂಬಿಸಿ. ಎರಡು ಟ್ಯೂಬ್, ಒಂದು ಪಂಪ್ ಜೊತೆಗಿರಲಿ.

ಹಾಗಾದರೆ ಯಾವುದು? ಗೇರು ಸರಿ ಇದ್ದು, ಒಂದು ವರ್ಷ ತುಳಿದ ಕಾಲು ಇದ್ದರೆ ಮುಳ್ಳಯ್ಯನಗಿರಿ, ಅದೂ ವಾರದ ದಿನ ಬೆಳಿಗ್ಗೆ. ಇಡೀ ದಿನ ಕೈಯಲ್ಲಿದ್ದು, ಜೊತೆಗೆ ಒಬ್ಬರಿದ್ದರೆ ಕೆಮ್ಮಣ್ಣುಗುಂಡಿ. ಮೊದಲ ಸಲ ಹತ್ತುವವರಿಗೆ ಬಾಬಾಬುಡನ್‌ಗಿರಿ ರಸ್ತೆ, ಅದರಲ್ಲೂ ಕವಿಕಲ್ ಗಂಡಿವರೆಗೆ ಹೋಗಿ ವಾಪಸ್. ಸಾಕಾದರೆ ಎಲ್ಲಿ ಬೇಕಾದರೂ ತಿರುಗಬಹುದು. ಗಿರಿಗೆ ಹೋಗುವ ಪ್ರವಾಸಿ ಗಾಡಿಗಳಿಗೆ ಈಗ ಮೊದಲೇ ನೋಂದಣಿ ಬಂದಿದೆ, ಸೈಕಲ್ಲಿನ ನಿಯಮವನ್ನು ಚೆಕ್‌ಪೋಸ್ಟಿನಲ್ಲಿ ಕೇಳಿಕೊಂಡೇ ಹೋಗಿ.

ಬರುವ ಭಾನುವಾರ ಬೆಳಿಗ್ಗೆ ಐದೂವರೆಗೆ ನಾನೂ ಆ ಹುಡುಗಿಯೂ ಗಂಡಿಗೆ ಹೊರಡುತ್ತಿದ್ದೇವೆ. ಅವಳ ಸೈಕಲ್ಲಿನ ಹಿಂದಿನ ಹಲ್ಲು ಮೊನ್ನೆ ಎಣಿಸಿದೆವು, 32 ಇದೆ. ಬುತ್ತಿಗೆ ಅಕ್ಕಿರೊಟ್ಟಿ ಕಟ್ಟಿಕೊಡುತ್ತೇನೆ ಅಂತ ಅವಳಮ್ಮ ಹೇಳಿದ್ದಾರೆ.