ಮನೆ ವಿಡಿಯೋ ಬ್ಯಾಕಪ್‌ಗೆ ಯಾವ ಡಿಸ್ಕು? ಹದಿನಾಲ್ಕು ಟೇಪ್ ಬರ್ನ್ ಮಾಡಿದ ಮೇಲೆ ನನ್ನ ರಿವ್ಯೂ

ಪೂರ್ತಿ ಓದೋಕೆ ಪುರುಸೊತ್ತಿಲ್ದೋರು ಇಷ್ಟು ತಿಳ್ಕೊಂಡು ಹೋಗಿ: 25 ಜಿಬಿ ಬ್ಲೂ-ರೇ ಬಿಡಿ-ಆರ್ (ಒಂದೇ ಸಲ ಬರೆಯೋ ಡಿಸ್ಕು), ಅದ್ರಲ್ಲೂ ಎಚ್‌ಟಿಎಲ್ ಅನ್ನೋ ಜಾತೀದು (ಏನದು ಅಂತ ಮುಂದೆ ಹೇಳ್ತೀನಿ), ಡೇಟಾ ಡಿಸ್ಕ್ ಆಗಿ, ಅಂದ್ರೆ ವಿಡಿಯೋ ಫೈಲ್ ಇದ್ದ ಹಾಗೇ ಬರ್ನ್ ಮಾಡಿ, ಒಂದೊಂದಕ್ಕೂ ಎರಡೆರಡು ಕಾಪಿ. ಯಾಕೆ ಅಂತ ಬೇಕಾದೋರು ಕೂತ್ಕೊಳ್ಳಿ, ಸ್ವಲ್ಪ ಉದ್ದ ಇದೆ.

ಹೋದ ಸಲ ಊರಿಗೆ ಹೋದಾಗ ಅಟ್ಟದ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದ್ವಿ. ಊರು ಸಾಗರದ ಹತ್ರ, ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯೋ ಜಾಗ, ಇನ್ನು ಟೇಪ್ ಏನು ಉಳಿದಿರತ್ತೆ ಅಂದ್ಕೊಂಡೇ ತೆಗೆದ್ರೆ ಹದಿನಾಲ್ಕು ಮಿನಿಡಿವಿ ಕ್ಯಾಸೆಟ್ಟೂ (ಹಳೇ ಹ್ಯಾಂಡಿಕ್ಯಾಮಿನ ಪುಟ್ಟ ಡಿಜಿಟಲ್ ಟೇಪು) ಓಡಿದ್ವು, ಅಲ್ಲಲ್ಲಿ ಚೂರು ಪಟ್ಟೆ ಬಂತು ಅಷ್ಟೇ. ಕೆಟ್ಟಿದ್ದು ಯಾವ್ದು ಗೊತ್ತಾ, ಡಿವಿಡಿ! ಅತ್ತೆ ಮದುವೆ ವಿಎಚ್‌ಎಸ್ ಕ್ಯಾಸೆಟ್‌ನ 2007ರಲ್ಲಿ ಒಂದು ಸ್ಟುಡಿಯೋಗೆ ಕೊಟ್ಟು ಡಿವಿಡಿ ಮಾಡಿಸಿದ್ವಿ, ಮೇಲೆ ಗುಲಾಬಿ ಹೂವಿನ ಸ್ಟಿಕ್ಕರ್ ಬೇರೆ ಅಂಟಿಸಿ ಕೊಟ್ಟಿದ್ರು. ಈಗ ಹಾಕಿದ್ರೆ ಧಾರೆ, ಊಟ ಎಲ್ಲ ಚೆನ್ನಾಗೇ ಬರತ್ತೆ, ಹೆಣ್ಣು ಒಪ್ಪಿಸಿಕೊಡೋ ಹೊತ್ತಿಗೆ ಸರಿಯಾಗಿ ಚಿತ್ರ ಚೌಕ ಚೌಕ ಆಗಿ ನಿಂತ್ಹೋಗತ್ತೆ. ಡಿಸ್ಕು ಒಳಗಿಂದ ಹೊರಗೆ ಬರ್ಕೊಂಡು ಹೋಗತ್ತಲ್ಲ, ಹಾಳಾಗೋದು ಅಂಚಿನ ಕಡೆಯಿಂದ ಜಾಸ್ತಿ, ಹಾಗಾಗಿ ಕೊನೆ ಭಾಗಕ್ಕೇ ಪೆಟ್ಟು. ಡಿವಿಡಿ ಬಂತಲ್ಲ ಅಂತ ಮೂಲ ಕ್ಯಾಸೆಟ್‌ನ ನಾವೇ ಗುಜರಿಗೆ ಹಾಕಿದ್ವಿ, ಅದಕ್ಕೆ ಯಾರನ್ನ ಬೈಯೋದು.

ಆಮೇಲೆ ಓದ್ತಾ ಹೋದಾಗ ಗೊತ್ತಾಗಿದ್ದು, ನಾವು ಮನೇಲಿ ಬರ್ನ್ ಮಾಡೋ ಮಾಮೂಲಿ ಡಿವಿಡಿಲಿ ಒಂದು ಬಣ್ಣದ ಪದರ ಇರತ್ತೆ, ಸಾವಯವ ಡೈ, ಲೇಸರ್ ಅದನ್ನ ಸುಟ್ಟು ಗುರುತು ಮಾಡತ್ತೆ. ಬಿಸಿಲು, ಸೆಕೆ, ತೇವ ಎಲ್ಲಾ ಸೇರಿ ಆ ಡೈ ನಿಧಾನಕ್ಕೆ ಮಾಸತ್ತೆ. ಸ್ಟಿಕ್ಕರ್ ಅಂಟಿಸಿದ್ರೆ ಡಿಸ್ಕಿನ ತೂಕ ಒಂದು ಕಡೆ ವಾಲಿ ತಿರುಗುವಾಗ ಅದುರತ್ತೆ, ಅಂಟು ಒಣಗ್ತಾ ಡಿಸ್ಕನ್ನೇ ಎಳೆದು ಸೊಟ್ಟ ಮಾಡೋದೂ ಉಂಟು. ಡಿವಿಡಿ ಪ್ಲಸ್ಸಾ ಮೈನಸ್ಸಾ (ಡಿವಿಡಿ+ಆರ್, ಡಿವಿಡಿ-ಆರ್ ಅಂತ ಎರಡು ಜಾತಿ) ಅಂತ ಒಂದು ಕಾಲದಲ್ಲಿ ಜನ ಜಗಳ ಆಡ್ತಿದ್ರು, ಈಗ ಅದೆಲ್ಲ ಲೆಕ್ಕಕ್ಕಿಲ್ಲ, ಪ್ಲಸ್ ಚೂರು ಮೇಲು ಅಂತಾರೆ, ಹಳೇ ಪ್ಲೇಯರಲ್ಲಿ ಮೈನಸ್ ಓಡೋದು ಜಾಸ್ತಿ, ಮುಗೀತು. ಆರ್‌ಡಬ್ಲ್ಯೂ ಅಂತೂ ಬ್ಯಾಕಪ್‌ಗೆ ತಗೊಳ್ಲೇಬೇಡಿ, ಅದು ಅಳಿಸೋಕೇ ಮಾಡಿರೋದು.

ಈಗ ಅಳತೆ ಲೆಕ್ಕ, ನಾನು ತಲೆ ಕೆಡಿಸ್ಕೊಂಡಿದ್ದೇ ಇಲ್ಲಿ. ಮಿನಿಡಿವಿ ಒಂದು ಗಂಟೆ ಟೇಪು ಕಂಪ್ಯೂಟರಿಗೆ ಇಳಿಸಿದ್ರೆ ಹತ್ತಿರ ಹತ್ತಿರ 13 ಜಿಬಿ ಆಗತ್ತೆ. ಡಿವಿಡಿ 4.7 ಜಿಬಿ, ಅಂದ್ರೆ ಒಂದು ಟೇಪಿಗೆ ಮೂರು ಡಿವಿಡಿ, ಹದಿನಾಲ್ಕಕ್ಕೆ ನಲವತ್ತೆರಡು, ಎರಡು ಕಾಪಿ ಅಂದ್ರೆ ಎಂಬತ್ನಾಲ್ಕು, ಯಾರು ಕೂತು ಮಾಡ್ತಾರೆ ಮಾರಾಯ್ರೆ. ಮತ್ತೆ ಸ್ಟುಡಿಯೋದೋರು ಒಂದೇ ಡಿವಿಡಿಲಿ ಎರಡು ಗಂಟೆ ಹೇಗೆ ಕೊಡ್ತಾರೆ ಅಂದ್ರೆ, ಅದನ್ನ ಎಂಪೆಗ್-2 ಅನ್ನೋ ಫಾರ್ಮ್ಯಾಟಿಗೆ ಹಿಂಡಿ ಡಿವಿಡಿ ವಿಡಿಯೋ ಮಾಡ್ತಾರೆ. ಟಿವಿಲಿ ನೋಡೋಕೆ ಓಕೆ, ಆದ್ರೆ ಒಮ್ಮೆ ಹಿಂಡಿದ್ದು ವಾಪಸ್ ಬರಲ್ಲ. ನೋಡೋ ಕಾಪಿ ಬೇರೆ, ಇಟ್ಕೊಳ್ಳೋ ಕಾಪಿ ಬೇರೆ, ಇದೊಂದು ತಲೇಲಿ ಕೂತ್ರೆ ಉಳಿದಿದ್ದೆಲ್ಲ ಸಲೀಸು.

25 ಜಿಬಿ ಬ್ಲೂ-ರೇಲಿ ಎರಡು ಟೇಪ್ ಹಿಡಿಯತ್ತೆ ಅಂದ್ಕೊಂಡು ಖುಷಿಯಾಗಿದ್ದೆ, ಹಿಡಿಯಲ್ಲ! ಎರಡು ಪೂರ್ತಿ ಟೇಪ್ ಅಂದ್ರೆ ಹತ್ರ ಹತ್ರ 26 ಜಿಬಿ, ನಾಲ್ಕೈದು ನಿಮಿಷ ಉಳ್ಕೊಳ್ಳತ್ತೆ. ಆಫ್ ಮಾಡೋದು ಮರೆತು ಅಪ್ಪ ಶೂಟ್ ಮಾಡಿರೋ ಅಂಗಳ, ತಮ್ಮದೇ ಕಾಲು, ಇವೆಲ್ಲ ಕತ್ತರಿಸಿದ್ರೆ ಸರಿಯಾಗಿ ಕೂರ್ತಿತ್ತು, ಆದ್ರೆ ಕತ್ತರಿಸೋಕೆ ಮನಸ್ಸು ಬರ್ಲಿಲ್ಲ. 50 ಜಿಬಿ ಎರಡು ಪದರದ್ದು ತಗೊಂಡ್ರೆ ಮೂರು ಟೇಪ್ ಆರಾಮಾಗಿ ಹಿಡಿಯತ್ತೆ, 100 ಜಿಬಿದೂ ಬರತ್ತೆ, ಅದಕ್ಕೆ ಬಿಡಿಎಕ್ಸ್‌ಎಲ್ ಅಂತಾರೆ, ಅದನ್ನ ಬರೆಯೋ ರೈಟರ್ರೇ ಬೇಕು. ನಾನು ಒಂದು ಡಿಸ್ಕಿಗೆ ಒಂದೇ ಟೇಪು ಅಂತ ಮಾಡ್ಕೊಂಡೆ. ಒಂದು ಹೋದ್ರೆ ಒಂದೇ ಹೋಗತ್ತೆ, ಹುಡುಕೋದೂ ಸುಲಭ. ಮಿಕ್ಕ ಜಾಗದಲ್ಲಿ ಆ ವರ್ಷದ ಫೋಟೋ, ಜೊತೆಗೆ ಪಾರ್2 ಫೈಲು ಹಾಕಿದೀನಿ. ಪಾರ್2 ಅಂದ್ರೆ ರಿಪೇರಿ ಫೈಲು, ನೂರಕ್ಕೆ ಹತ್ತರ ಲೆಕ್ಕದಲ್ಲಿ ಮಾಡಿಟ್ರೆ ಮುಂದೆ ಫೈಲಲ್ಲಿ ಅಲ್ಲಲ್ಲಿ ಓದೋಕೆ ಆಗ್ಲಿಲ್ಲ ಅಂದ್ರೂ ಅಷ್ಟರೊಳಗಿನ ಡ್ಯಾಮೇಜ್ ಸರಿ ಮಾಡ್ಕೋಬಹುದು, ಫ್ರೀ ಸಾಫ್ಟ್‌ವೇರ್ ಸಿಗತ್ತೆ.

ಫೋನ್ ವಿಡಿಯೋ ಇರೋರಿಗೆ: ಐಫೋನಲ್ಲಿ 4ಕೆ, 30 ಫ್ರೇಮು, ಎಚ್‌ಇವಿಸಿ (ಜಾಗ ಉಳಿಸೋ ಫಾರ್ಮ್ಯಾಟು) ಆದ್ರೆ ನಿಮಿಷಕ್ಕೆ 170 ಎಂಬಿ ಆಸುಪಾಸು ಅಂತ ಸೆಟ್ಟಿಂಗಲ್ಲೇ ಬರೆದಿರತ್ತೆ, ಗಂಟೆಗೆ 10 ಜಿಬಿ ಮೇಲೆ. ಒಂದು 25 ಜಿಬಿ ಡಿಸ್ಕಿಗೆ ಎರಡೂವರೆ ಗಂಟೆ ಹತ್ರ ಬಂತು, ಮಗೂದು ಒಂದು ವರ್ಷದ ವಿಡಿಯೋಗೆ ಆಯ್ದು ಹಾಕಿದ್ರೆ ಸಾಕಾಗತ್ತೆ.

ಇನ್ನು ಆ ಎಚ್‌ಟಿಎಲ್. ಬಿಡಿ-ಆರ್‌ನಲ್ಲಿ ಎರಡು ಥರ. ಎಚ್‌ಟಿಎಲ್ಲಲ್ಲಿ ಬರೆಯೋ ಪದರ ಲೋಹದ ಥರದ್ದು, ಡೈ ಇಲ್ಲ. ಎಲ್‌ಟಿಎಚ್ ಅಂತ ಇನ್ನೊಂದಿದೆ, ಅದು ಮತ್ತೆ ಅದೇ ಡಿವಿಡಿ ಥರ ಡೈದು, ಅಗ್ಗಕ್ಕೆ ಅಂತ ಮಾಡಿದ್ದು. ಬ್ಲೂ-ರೇ ಅಂತ ದುಡ್ಡು ಕೊಟ್ಟು ಎಲ್‌ಟಿಎಚ್ ತಂದ್ರೆ ಡಿವಿಡಿ ಕಥೇನೇ ಮತ್ತೆ. ಕವರ್ ಮೇಲೆ ಎಲ್‌ಟಿಎಚ್ ಟೈಪ್ ಅಂತ ಇದೆಯಾ ನೋಡಿ, ಇದ್ರೆ ಬಿಟ್ಬಿಡಿ. ಡಿಸ್ಕು ಕೈಗೆ ಸಿಕ್ರೆ ಅಡಿಭಾಗ ನೋಡಿ, ಎಲ್‌ಟಿಎಚ್ ಸಾಮಾನ್ಯವಾಗಿ ಚಿನ್ನದ ಬಣ್ಣಕ್ಕಿರತ್ತೆ, ಎಚ್‌ಟಿಎಲ್ ಗಾಢ ಬೂದು-ಕಂದು. ನಾನು ತಗೊಂಡಿದ್ದು ವರ್ಬೆಟಿಮ್‌ದು, ಇಪ್ಪತ್ತೈದರ ಕಟ್ಟು ಎರಡು. ಇಲ್ಲೀವರೆಗೆ ಬರ್ನ್ ಮಾಡಿದ್ರಲ್ಲಿ ಒಂದೂ ಫೇಲಾಗಿಲ್ಲ.

ಎಂ-ಡಿಸ್ಕ್ ಬಗ್ಗೆ ಎಲ್ರೂ ಕೇಳ್ತಾರೆ, ಸಾವಿರ ವರ್ಷ ಬಾಳಿಕೆ ಅಂತ ಹೇಳಿ ಮಾರೋದು. ಅದನ್ನ ತಂದ ಅಮೆರಿಕದ ಮಿಲೆನಿಯಾಟಾ ಕಂಪನಿ 2016ರಲ್ಲೇ ದಿವಾಳಿ ಆಯ್ತು, ಡಿಸ್ಕು ಆಮೇಲೂ ಬೇರೆ ಕಂಪನಿಯೋರ ಕಡೆಯಿಂದ ಬಂತು. ಡಿವಿಡಿ ಅಳತೇದಾದ್ರೆ ಎಂ-ಡಿಸ್ಕ್‌ಗೆ ನಿಜವಾಗ್ಲೂ ಅರ್ಥ ಇದೆ, ಡೈ ಇಲ್ವಲ್ಲ, ಆದ್ರೆ ಬರೆಯೋಕೆ ಎಂ-ಡಿಸ್ಕ್ ಗುರುತಿರೋ ರೈಟರ್ ಬೇಕು. ಬ್ಲೂ-ರೇಲಿ ಮಾಮೂಲಿ ಎಚ್‌ಟಿಎಲ್ಲೇ ಡೈ ಇಲ್ದಿರೋದು, ಅಷ್ಟು ಜಾಸ್ತಿ ಕೊಟ್ಟು ತರೋ ಬದ್ಲು ಅದೇ ದುಡ್ಡಲ್ಲಿ ಇನ್ನೊಂದು ಕಾಪಿ ಮಾಡಿ ಅಕ್ಕನ ಮನೇಲಿಡ್ತೀನಿ ನಾನು. ಸಾವಿರ ವರ್ಷ ಆದ್ಮೇಲೆ ಓದೋಕೆ ಡ್ರೈವ್ ಯಾರ ಹತ್ರ ಇರತ್ತೆ ಹೇಳಿ.

ಹೆದರಿಕೆ ಇರೋದೂ ಅದೇನೇ. ಮೋಸರ್ ಬೇರ್ ಡಿಸ್ಕು ಬೀಡಾ ಅಂಗಡೀಲೂ ಸಿಗ್ತಿದ್ದ ಕಾಲ ನೆನಪಿದೆ, ಆ ಕಂಪನಿ 2018ರಲ್ಲಿ ಲಿಕ್ವಿಡೇಶನ್‌ಗೆ ಹೋಯ್ತು. ಪ್ಯಾನಾಸೋನಿಕ್ 2023ರಲ್ಲಿ ಬರೆಯೋ ಬ್ಲೂ-ರೇ ಡಿಸ್ಕು ನಿಲ್ಲಿಸ್ತು, ಸೋನಿ 2025ರ ಫೆಬ್ರವರಿಲಿ, ಮಿನಿಡಿವಿ ಕ್ಯಾಸೆಟ್ಟೂ ಅದ್ರ ಜೊತೇಲೇ ಹೋಯ್ತು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಐದಾರು ಅಂಗಡಿ ಸುತ್ತಿದೆ, ಒಬ್ರು ಬ್ಲೂ-ರೇ ಅಂದಿದ್ದಕ್ಕೆ ಬ್ಲೂಟೂತ್ ಡಾಂಗಲ್ ತೆಗೆದು ಕೌಂಟರ್ ಮೇಲಿಟ್ರು. ಕೊನೆಗೆ ಡಿಸ್ಕೂ ರೈಟರ್ರೂ ಆನ್‌ಲೈನಲ್ಲೇ ತರಿಸ್ದೆ. ಯುಎಸ್‌ಬಿ ರೈಟರಿಗೆ ಹತ್ತು ಸಾವಿರದ ಆಸುಪಾಸು ಆಯ್ತು, ಇದೇ ದೊಡ್ಡ ಖರ್ಚು. ನಾಲ್ಕೇ ನಾಲ್ಕು ಟೇಪ್ ಇರೋರಿಗೆ ಇಷ್ಟು ಸುರಿಯೋದು ದಂಡ, ಎರಡು ಹಾರ್ಡ್‌ಡಿಸ್ಕಲ್ಲಿ ಇಟ್ಕೊಳ್ಳಿ ಸಾಕು. ನಾನೂ ಹಾರ್ಡ್‌ಡಿಸ್ಕಲ್ಲಿ ಒಂದು ಕಾಪಿ ಇಟ್ಟೇ ಇದೀನಿ, ಡಿಸ್ಕೊಂದನ್ನೇ ನಂಬಿ ಕೂತಿಲ್ಲ. ಡಿಸ್ಕಿನ ಅನುಕೂಲ ಏನಂದ್ರೆ ಒಂದ್ಸಲ ಬರೆದ್ಮೇಲೆ ವೈರಸ್ ಬರ್ಲಿ, ಮಗ ಡಿಲೀಟ್ ಒತ್ಲಿ, ಅದಕ್ಕೇನೂ ಆಗಲ್ಲ.

ಬರ್ನ್ ಮಾಡುವಾಗ ನಾಲ್ಕು ಎಕ್ಸ್ ಸ್ಪೀಡ್ ಇಟ್ಟಿದ್ದೆ, ತುಂಬಿದ ಡಿಸ್ಕಿಗೆ ಇಪ್ಪತ್ಮೂರು ಇಪ್ಪತ್ನಾಲ್ಕು ನಿಮಿಷ, ಆಮೇಲೆ ವೆರಿಫೈಗೆ (ಬರೆದಿದ್ದು ಸರಿ ಇದೆಯಾ ಅಂತ ಓದಿ ನೋಡೋದಕ್ಕೆ) ಇನ್ನೊಂದಷ್ಟು. ವೆರಿಫೈ ಟಿಕ್ ತೆಗೀಬೇಡಿ. ಟೇಪಿಂದ ಇಳಿಸೋದು ಫೈರ್‌ವೈರ್ ಕೇಬಲ್ಲಲ್ಲೇ (ಡಿಜಿಟಲ್ ಆಗೇ ಇಳಿಸೋ ಕೇಬಲ್ಲು), ಹಳದಿ-ಬಿಳಿ-ಕೆಂಪು ಪಿನ್ನಲ್ಲಿ ಇಳಿಸಿದ್ರೆ ಡಿಜಿಟಲ್ ಆಗಿದ್ದನ್ನ ಅನಲಾಗ್ ಮಾಡಿ ಮತ್ತೆ ಡಿಜಿಟಲ್ ಮಾಡ್ದಂಗೆ. ಪುಟಾಣಿ 8 ಸೆಂಟಿಮೀಟರ್ ಡಿವಿಡಿ ಹ್ಯಾಂಡಿಕ್ಯಾಮ್ ಇದ್ದೋರು ಡಿಸ್ಕು ಫೈನಲೈಸ್ ಆಗಿದೆಯಾ (ಬೇರೆ ಡ್ರೈವಲ್ಲೂ ಓದೋ ಹಾಗೆ ಮುಗಿಸಿದೆಯಾ) ನೋಡ್ಕೊಳ್ಳಿ, ಕ್ಯಾಮೆರಾ ಜೀವಂತ ಇರೋವಾಗ್ಲೇ ಮಾಡ್ಬಿಡಿ. ನಮ್ಮದು ಸತ್ತಿತ್ತು, ಒಂದು ಡಿಸ್ಕು ಖಾಲಿ ಅಂತಾನೇ ತೋರಿಸ್ತಿತ್ತು, ಐಸೋಬಸ್ಟರ್ ಅನ್ನೋ ಸಾಫ್ಟ್‌ವೇರ್ ಹಾಕಿ ಎರಡು ಡ್ರೈವ್ ಬದಲಾಯಿಸಿದ ಮೇಲೆ ಸಿಕ್ತು.

ಹೆಸರು ಡಿಸ್ಕಿನ ನಡು ಮಧ್ಯೆ ಪಾರದರ್ಶಕ ಉಂಗುರದ ಮೇಲೆ ಮಾರ್ಕರಲ್ಲಿ ಬರೀರಿ, ಬಾಲ್‌ಪೆನ್ ಬೇಡ. ಬ್ಲೂ-ರೇಲಿ ಡೇಟಾ ಇರೋದು ಅಡಿಭಾಗದಿಂದ ಬರೀ 0.1 ಮಿಲಿಮೀಟರ್ ಒಳಗೆ, ಗಟ್ಟಿ ಲೇಪನ ಇದ್ರೂ ಮೇಜಿನ ಮೇಲೆ ಅಂಗಾತ ಎಳೆದಾಡ್ಬೇಡಿ. ಒಂದು ಸೆಟ್ ಬೆಂಗಳೂರಲ್ಲಿ, ಒಂದು ಅಕ್ಕನ ಮನೇಲಿ ಹುಬ್ಬಳ್ಳಿಲಿ. ಸಾಗರದಲ್ಲಿ ಇಡ್ಲಿಲ್ಲ, ಬೂಸ್ಟಿನ ಮೇಲೆ ನನಗೆ ನಂಬಿಕೆ ಇಲ್ಲ.

ಅಮ್ಮಂಗೆ ಬ್ಲೂ-ರೇ ಹಾಕೋಕೆ ಎಲ್ಲಿ ಬರತ್ತೆ, ಎಂಪಿ4 ಮಾಡಿ ಪೆನ್‌ಡ್ರೈವಲ್ಲಿ ಕೊಟ್ಟೆ, ಟಿವಿಗೆ ಚುಚ್ಚಿ ತಮ್ಮನ ಉಪನಯನ ಪೂರ್ತಿ ನೋಡಿದ್ರು. ಚಿತ್ರ ಹೇಗಿದೆ ಅಮ್ಮ ಅಂದ್ರೆ, ಚೆನ್ನಾಗಿದೆ ಕಣೋ, ಆದ್ರೆ ಆ ಸ್ಟುಡಿಯೋದವನ ಡಿವಿಡಿಲಿ ಶುರುಗೆ ಹೂವಿನ ಎಸಳು ಉದುರಿ ನಾದಸ್ವರ ಬರ್ತಿತ್ತಲ್ಲ, ಅದ್ಯಾಕೆ ತೆಗೆದುಹಾಕ್ದೆ ಅಂತ ಕೇಳಿದ್ರು.